ಏಪ್ರಿಕಾಟ್ ಮರಕ್ಕೆ ಹಾಕಿದ ಮಂತ್ರ

ಹೊಸ ಔಷಧಿಯನ್ನು ಪರೀಕ್ಷಿಸುವಾಗ ಕೆಲವರಿಗೆ ನಿಜವಾದ ಮಾತ್ರೆ, ಉಳಿದವರಿಗೆ ನೋಡಲು ಥೇಟ್ ಅದೇ ಥರ ಇರುವ ಸುಳ್ಳು ಮಾತ್ರೆ ಕೊಡುತ್ತಾರೆ. ಯಾರಿಗೆ ಯಾವುದು ಹೋಯಿತು ಅಂತ ರೋಗಿಗೂ ಗೊತ್ತಿರುವುದಿಲ್ಲ, ಕೊಟ್ಟ ಡಾಕ್ಟರಿಗೂ ಗೊತ್ತಿರುವುದಿಲ್ಲ. ಈ ಪದ್ಧತಿಯ ಬೇರು ಹುಡುಕುತ್ತಾ ಹೋದರೆ ಸಿಗುವುದು ನೇರಳೆ ರೇಷ್ಮೆ ನಿಲುವಂಗಿ ತೊಟ್ಟ ಒಬ್ಬ ವೈದ್ಯ, ಫ್ರಾಂಜ್ ಆಂಟನ್ ಮೆಸ್ಮರ್.

ಮೆಸ್ಮರ್ ವಿಯೆನ್ನಾದಲ್ಲಿ ಓದಿದವನು. 1766ರಲ್ಲಿ ಬರೆದ ಪ್ರಬಂಧದ ವಿಷಯವೇ ಮನುಷ್ಯನ ದೇಹದ ಮೇಲೆ ಗ್ರಹಗಳ ಪ್ರಭಾವ. ಆಗ ಗಾಸ್ನರ್ ಎಂಬ ಪಾದ್ರಿ ದೆವ್ವ ಬಿಡಿಸಿ ರೋಗ ವಾಸಿಮಾಡುತ್ತಾನೆ ಅಂತ ದೊಡ್ಡ ಸುದ್ದಿಯಾಗಿತ್ತು. 1775ರಲ್ಲಿ ಅಭಿಪ್ರಾಯ ಹೇಳಲು ಮ್ಯೂನಿಕ್‌ಗೆ ಹೋದ ಮೆಸ್ಮರ್, ದೆವ್ವವೂ ಇಲ್ಲ ಏನೂ ಇಲ್ಲ, ಪಾದ್ರಿಗೆ ತಿಳಿಯದೆಯೇ ಅವನೊಳಗಿನ ಜೀವಕಾಂತ ಶಕ್ತಿ, ಅಂದರೆ ಜೀವಿಗಳಲ್ಲಿ ಅಯಸ್ಕಾಂತದ ಹಾಗೆ ಕೆಲಸ ಮಾಡುವ ಕಾಣದ ಶಕ್ತಿ, ಈ ಕೆಲಸ ಮಾಡುತ್ತಿದೆ ಅಂದ. ದೆವ್ವ ಹೋಯಿತು, ಅದರ ಜಾಗಕ್ಕೆ ಕಾಣದ ಇನ್ನೊಂದು ಬಂತು, ಅಷ್ಟೇ ಅಲ್ವಾ!

1778ರಲ್ಲಿ ಪ್ಯಾರಿಸ್ ಸೇರಿದ ಮೇಲೆ ಅವನ ಹೆಸರು ಮನೆಮಾತಾಯಿತು. ಈ ಶಕ್ತಿಯನ್ನು ರೋಗಿಗಳಿಗೆ ಹಾಯಿಸಲು ಓಕ್ ಮರದ ದೊಡ್ಡ ತೊಟ್ಟಿ, ಅದರೊಳಗೆ ನೀರು, ಕಬ್ಬಿಣದ ಪುಡಿ, ಬಾಟಲಿಗಳು. ಹೊರಗೆ ಚಾಚಿದ ಕಬ್ಬಿಣದ ಸರಳುಗಳನ್ನು ನೋವಿದ್ದ ಕಡೆ ಒತ್ತಿಕೊಂಡು ಜನ ಸುತ್ತ ಕೂರುತ್ತಿದ್ದರು. ಹಿಂದೆ ಸಂಗೀತ. ಸ್ವಲ್ಪ ಹೊತ್ತಿಗೆ ಒಬ್ಬರು ನಡುಗುವರು, ಇನ್ನೊಬ್ಬರು ಚೀರುವರು, ಮೈಮೇಲೆ ದೇವರು ಬಂದ ಹಾಗೆ.

1784ರಲ್ಲಿ ರಾಜ 16ನೇ ಲೂಯಿ ತನಿಖೆಗೆ ಸಮಿತಿ ಹಾಕಿದ. ಅದರಲ್ಲಿ ಇದ್ದವರನ್ನು ನೋಡಿ: ಅಮೆರಿಕದ ರಾಯಭಾರಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೇ, ಖಗೋಳ ವಿಜ್ಞಾನಿ ಬೈಯಿ, ಡಾಕ್ಟರ್ ಗಿಯೊಟಿನ್. (ಮುಂದೆ ಕ್ರಾಂತಿಯಲ್ಲಿ ಲವಾಸಿಯೇ ಮತ್ತು ಬೈಯಿ ಇಬ್ಬರ ತಲೆಯನ್ನೂ ತೆಗೆದದ್ದು ಆ ಡಾಕ್ಟರ್ ಹೆಸರಿನ ಯಂತ್ರವೇ, ಗಿಲೋಟಿನ್.) ಮೆಸ್ಮರ್ ಸಹಕರಿಸಲಿಲ್ಲ, ಅವನ ಶಿಷ್ಯ ಡೆಲಾನ್ ಒಪ್ಪಿದ. ಫ್ರಾಂಕ್ಲಿನ್ ತೋಟದಲ್ಲಿ ಒಂದು ಏಪ್ರಿಕಾಟ್ ಮರಕ್ಕೆ ಡೆಲಾನ್ ಶಕ್ತಿ ತುಂಬಿದ. ಹನ್ನೆರಡು ವರ್ಷದ ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಬೇರೆ ನಾಲ್ಕು ಮರಗಳನ್ನು ಒಂದೊಂದಾಗಿ ತಬ್ಬಿಕೊಳ್ಳಲು ಹೇಳಿದರು. ಹುಡುಗ ಬೆವೆತ, ಕೆಮ್ಮಿದ, ನಾಲ್ಕನೇ ಮರದ ಹತ್ತಿರ ಮೂರ್ಛೆ ಹೋದ. ಶಕ್ತಿ ತುಂಬಿದ ಮರ ಅಲ್ಲಿಂದ ದೂರದಲ್ಲಿತ್ತು! ಲವಾಸಿಯೇ ಮನೆಯಲ್ಲಿ ಒಬ್ಬ ಹೆಂಗಸಿಗೆ ಶಕ್ತಿ ತುಂಬದ ಲೋಟ ನೋಡಿಯೇ ಮೈ ನಡುಗಿತು, ನಿಜವಾಗಿ ಶಕ್ತಿ ತುಂಬಿದ ಲೋಟದಿಂದ ಆರಾಮಾಗಿ ನೀರು ಕುಡಿದಳು.

ಸಮಿತಿಯ ತೀರ್ಪು ಖಡಕ್ಕಾಗಿತ್ತು. ಕಾಂತಶಕ್ತಿ ಇಲ್ಲದೆ ಬರೀ ಕಲ್ಪನೆಯಿಂದ ಮೈ ನಡುಗುತ್ತದೆ, ಕಲ್ಪನೆ ಇಲ್ಲದಿದ್ದರೆ ಕಾಂತಶಕ್ತಿಯಿಂದ ಏನೂ ಆಗುವುದಿಲ್ಲ. ತೀರ್ಪು ಸರಿ. ಆದರೆ ನನ್ನ ಪ್ರಕಾರ ಅವರು ಅರ್ಧಕ್ಕೇ ನಿಲ್ಲಿಸಿದರು. ಬರೀ ಕಲ್ಪನೆ ಒಬ್ಬ ಹುಡುಗನನ್ನು ಮೂರ್ಛೆ ಬೀಳಿಸಿದ್ದು ಹೇಗೆ ಅಂತ ಬೆನ್ನು ಹತ್ತಲೇ ಇಲ್ಲ.

ಪರೀಕ್ಷಿಸುವ ಉಪಾಯ ಮಾತ್ರ ಉಳಿಯಿತು. ಅಮೆರಿಕದ ಪರ್ಕಿನ್ಸ್ ಎಂಬಾತ 1796ರಲ್ಲಿ ಪೇಟೆಂಟ್ ಪಡೆದು ನೋವು ಎಳೆಯುವ ಲೋಹದ ಕಡ್ಡಿಗಳನ್ನು ಮಾರಿದಾಗ, ಇಂಗ್ಲೆಂಡಿನ ಬಾತ್ ಊರಿನಲ್ಲಿ ಡಾಕ್ಟರ್ ಹೇಗಾರ್ತ್ 1799ರಲ್ಲಿ ಮರದ ಕಡ್ಡಿಗೆ ಬಣ್ಣ ಬಳಿದು ಐದು ರೋಗಿಗಳ ಮೇಲೆ ಸವರಿದ. ನಾಲ್ವರು ನೋವು ಕಡಿಮೆಯಾಯಿತು ಅಂದರು.

ಬಂಗಾಳಕ್ಕೆ ಬಂದಾಗ ಕಥೆ ಬೇರೆಯೇ ತಿರುವು ಪಡೆಯಿತು. 1845ರ ಏಪ್ರಿಲ್‌ನಲ್ಲಿ ಹೂಗ್ಲಿಯಲ್ಲಿ ಸ್ಕಾಟ್ಲೆಂಡಿನ ಸರ್ಜನ್ ಜೇಮ್ಸ್ ಎಸ್ಡೇಲ್, ಜೈಲಿನ ಕೈದಿಯೊಬ್ಬ ವೃಷಣದ ಬಾವಿನಿಂದ ಒದ್ದಾಡುತ್ತಿದ್ದಾಗ, ಮೆಸ್ಮರ್ ರೀತಿಯಲ್ಲಿ ಕೈಯಾಡಿಸಿ ನಿದ್ದೆ ಬರಿಸಿದ. ಆಮೇಲೆ ಇದೇ ನಿದ್ದೆಯಲ್ಲಿ ದೊಡ್ಡ ದೊಡ್ಡ ಗೆಡ್ಡೆಗಳನ್ನೂ ಕೊಯ್ದು ತೆಗೆದ. ಅರಿವಳಿಕೆ ಔಷಧಿ ಇನ್ನೂ ಬಂದಿರಲಿಲ್ಲ. ಅಲ್ಲಿನ ಒಬ್ಬ ಹೆಸರಾಂತ ಮಂತ್ರವಾದಿಯನ್ನೂ ಅವನು ಕಂಡ, ಆತ ನೀರಿನ ಪಾತ್ರೆ, ಎಲೆಯ ಟೊಂಗೆ ಹಿಡಿದು ಮಂತ್ರ ಹೇಳುತ್ತಾ ಮೈ ಸವರುತ್ತಿದ್ದ. ಬೇವಿನ ಸೊಪ್ಪಿನಲ್ಲಿ ಮಂತ್ರಿಸುವುದನ್ನು ಕಂಡ ನಮಗೆ ಇದು ಹೊಸದಲ್ಲ. ತಾನು ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಅಂತ ಎಸ್ಡೇಲ್‌ಗೆ ಅನ್ನಿಸಿತು. 1846ರಲ್ಲಿ ಕಲ್ಕತ್ತಾದಲ್ಲಿ ಅವನಿಗೆ ಸರ್ಕಾರವೇ ಒಂದು ಆಸ್ಪತ್ರೆ ಕೊಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಾಸ್ಟನ್‌ನಲ್ಲಿ ಈಥರ್ ಎಂಬ ಅರಿವಳಿಕೆ ಔಷಧಿ ಗೆದ್ದಿತ್ತು. ಗಂಟೆಗಟ್ಟಲೆ ಕೈಯಾಡಿಸುವುದು ಇನ್ಯಾರಿಗೆ ಬೇಕು?

ಆದರೂ ವಿಷಯ ಸಾಯಲಿಲ್ಲ. ಮ್ಯಾಂಚೆಸ್ಟರಿನ ಸರ್ಜನ್ ಬ್ರೇಡ್ 1840ರ ದಶಕದಲ್ಲಿ ಕಾಂತದ ಮಾತು ಬಿಟ್ಟು ಬರೀ ನಿದ್ದೆಯನ್ನು ಇಟ್ಟುಕೊಂಡ, ಅದೇ ಹಿಪ್ನಾಟಿಸಂ. ಬೆಲ್ಜಿಯಂನ ಲಿಯೇಜ್ ಆಸ್ಪತ್ರೆಯಲ್ಲಿ 1992ರಿಂದ ಕೆಲವು ಆಪರೇಷನ್‌ಗಳಿಗೆ ಪೂರ್ತಿ ಅರಿವಳಿಕೆಯ ಬದಲು ಹಿಪ್ನಾಸಿಸ್ ಜೊತೆ ಸ್ವಲ್ಪ ಔಷಧಿ ಬಳಸುತ್ತಿದ್ದಾರೆ. ಫ್ರಾಂಕ್ಲಿನ್ ಸಮಿತಿ ಕೇಳದೆ ಬಿಟ್ಟ ಪ್ರಶ್ನೆಗೆ ಮೊದಲ ಸುಳಿವು ಸಿಕ್ಕಿದ್ದು 1978ರಲ್ಲಿ. ಹಲ್ಲು ಕೀಳಿಸಿಕೊಂಡವರಲ್ಲಿ ಕೆಲವರಿಗೆ ಸುಳ್ಳು ಔಷಧಿಯಿಂದಲೇ ನೋವು ಇಳಿದಿತ್ತು. ಮಾರ್ಫಿನ್‌ನ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಕೊಟ್ಟಾಗ ಅವರ ನೋವು ಮತ್ತೆ ಜಾಸ್ತಿಯಾಯಿತು. ಅಂದರೆ ನಂಬಿಕೆಯಿಂದ ನೋವು ಇಳಿದಾಗ ಮೈಯೊಳಗೇ ಮಾರ್ಫಿನ್‌ನಂಥದ್ದು ಏನೋ ಕೆಲಸ ಮಾಡುತ್ತಿತ್ತು ಅಂತಾಯಿತು.