ಟ್ಯಾಬ್ ತೆರೆದುಕೊಂಡಿತು, ಸ್ಕ್ರಿಪ್ಟ್ ಯಾಕೆ ಹಳೇ ಪುಟದಲ್ಲೇ ಉಳಿಯಿತು?

ಬೆಂಗಳೂರಿನಲ್ಲಿ ಆಟೊಮೇಷನ್ ಟೆಸ್ಟಿಂಗ್ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟವರಿಗೆ ಒಂದು ಪ್ರಶ್ನೆ ಚೆನ್ನಾಗಿ ಗೊತ್ತಿರುತ್ತದೆ. ಕೋಡ್ ಮೂಲಕ ಬ್ರೌಸರ್ ನಡೆಸಿ ವೆಬ್‌ಸೈಟ್ ಟೆಸ್ಟ್ ಮಾಡುವ ಟೂಲ್ ಸೆಲೆನಿಯಂ. ಅದರಲ್ಲಿ ಗೆಟ್ ವಿಂಡೋ ಹ್ಯಾಂಡಲ್‌ಗೂ ಗೆಟ್ ವಿಂಡೋ ಹ್ಯಾಂಡಲ್ಸ್‌ಗೂ ಏನು ವ್ಯತ್ಯಾಸ? ಮೊದಲನೆಯದು ಸ್ಕ್ರಿಪ್ಟ್ ಈಗ ಕೆಲಸ ಮಾಡುತ್ತಿರುವ ಟ್ಯಾಬಿನ ಗುರುತು ಕೊಡುತ್ತದೆ, ಎರಡನೆಯದು ತೆರೆದಿರುವ ಎಲ್ಲಾ ಟ್ಯಾಬುಗಳ ಗುರುತು ಕೊಡುತ್ತದೆ. ಇಷ್ಟು ಹೇಳಿದರೆ ಸಾಕು, ಮುಂದಿನ ಪ್ರಶ್ನೆ ಬರುತ್ತದೆ. ಆದರೆ ಈ ಗುರುತುಗಳು ಯಾಕೆ ಬೇಕಾದವು? ಹೊಸ ಟ್ಯಾಬ್ ಕಣ್ಣೆದುರೇ ತೆರೆದಿದ್ದರೂ ಸ್ಕ್ರಿಪ್ಟ್ ಯಾಕೆ ಹಳೇ ಪುಟದಲ್ಲೇ ಬಟನ್ ಹುಡುಕುತ್ತದೆ? ಇದನ್ನು ಕೇಳುವವರೂ ಕಡಿಮೆ, ಕಲಿಸುವವರೂ ಕಡಿಮೆ. ಹಾಗಾಗಿ ಹುಡುಗರು ಕೋಡ್ ಬಾಯಿಪಾಠ ಮಾಡುತ್ತಾರೆ. ಅದು ತಮ್ಮ ಲ್ಯಾಪ್‌ಟಾಪಿನಲ್ಲಿ ಓಡಿ ಸರ್ವರ್‌ನಲ್ಲಿ ಬಿದ್ದಾಗ ಎಲ್ಲಿ ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ. ತಪ್ಪು ಅವರದಲ್ಲ. ಈ ತೊಂದರೆಗೆ ಇಪ್ಪತ್ತು ವರ್ಷದ ಇತಿಹಾಸ ಇದೆ, ಅದನ್ನು ಯಾರೂ ಅವರಿಗೆ ಹೇಳಿಲ್ಲ.

2004ಕ್ಕೆ ಹೋಗೋಣ. ಥಾಟ್‌ವರ್ಕ್ಸ್ ಕಂಪನಿಯ ಜೇಸನ್ ಹಗಿನ್ಸ್ ಶಿಕಾಗೋದಲ್ಲಿ ಕಂಪನಿಯ ಒಳಗಿನ ಒಂದು ಅಪ್ಲಿಕೇಷನ್ ಟೆಸ್ಟ್ ಮಾಡಲು ಜಾವಾಸ್ಕ್ರಿಪ್ಟಿನಲ್ಲಿ ಒಂದು ಟೂಲ್ ಬರೆದರು. ನೌಕರರು ಸಮಯ, ಖರ್ಚಿನ ಲೆಕ್ಕ ತುಂಬುವ ಅಪ್ಲಿಕೇಷನ್ ಅದು. ಆ ಟೂಲೇ ಆಮೇಲೆ ಸೆಲೆನಿಯಂ ಆಯಿತು. ಅದರ ಉಪಾಯ ಸರಳವಾಗಿತ್ತು: ಟೆಸ್ಟ್ ಕೂಡ ಬ್ರೌಸರ್ ಒಳಗೇ ಓಡುತ್ತದೆ, ಒಂದು ಫ್ರೇಮಿನಲ್ಲಿ ಟೆಸ್ಟ್, ಇನ್ನೊಂದು ಫ್ರೇಮಿನಲ್ಲಿ ಅಪ್ಲಿಕೇಷನ್. ಒಂದು ಪುಟ ಇರುವವರೆಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಅಪ್ಲಿಕೇಷನ್ ಇನ್ನೊಂದು ವಿಂಡೋ ತೆರೆದಾಗ ಕಷ್ಟ ಶುರುವಾಗುತ್ತದೆ, ಯಾಕೆಂದರೆ ಪುಟದೊಳಗಿನ ಜಾವಾಸ್ಕ್ರಿಪ್ಟಿಗೆ ಬ್ರೌಸರ್‌ನಲ್ಲಿ ಒಟ್ಟು ಯಾವ ಯಾವ ವಿಂಡೋ ತೆರೆದಿವೆ ಎಂದು ಪಟ್ಟಿ ಕೇಳುವ ದಾರಿಯೇ ಇಲ್ಲ. ಅದು ಸುರಕ್ಷತೆಗಾಗಿ ಬ್ರೌಸರ್ ಬೇಕೆಂದೇ ಮಾಡಿರುವುದು. ನೀವು ತೆರೆದ ಒಂದು ಸೈಟಿಗೆ ಪಕ್ಕದ ಟ್ಯಾಬಿನ ಬ್ಯಾಂಕ್ ಪುಟ ಕಾಣಬಾರದು, ಅಲ್ವಾ?

ಹಾಗಾಗಿ ಹಳೇ ಸೆಲೆನಿಯಂ ಒಂದು ಅಡ್ಡದಾರಿ ಹಿಡಿಯಿತು. ಪುಟದ ವಿಂಡೋ ಡಾಟ್ ಓಪನ್ ಫಂಕ್ಷನ್ನನ್ನೇ ಬದಲಾಯಿಸಿ ನಡುವೆ ತಾನು ಕೂತುಕೊಂಡಿತು. ಪುಟ ಯಾವುದಾದರೂ ವಿಂಡೋ ತೆರೆದರೆ ಅದರ ಹೆಸರನ್ನು ಬರೆದಿಟ್ಟುಕೊಳ್ಳುತ್ತಿತ್ತು. ಟೆಸ್ಟ್ ಬರೆಯುವವರು ಸೆಲೆಕ್ಟ್ ವಿಂಡೋ ಎಂಬ ಕಮಾಂಡಿಗೆ ಆ ಹೆಸರು ಕೊಡಬೇಕಿತ್ತು, ಮೊದಲಿನ ವಿಂಡೋಗೆ ವಾಪಸ್ ಬರಲು ಹೆಸರಿನ ಜಾಗದಲ್ಲಿ ನಲ್ ಅಂತ ಕೊಡಬೇಕಿತ್ತು. ಪುಟ ಪೂರ್ತಿ ಲೋಡ್ ಆಗುವ ಮೊದಲೇ ಪಾಪ್‌ಅಪ್ ತೆರೆದುಬಿಟ್ಟರೆ ಸೆಲೆನಿಯಂಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೆ ದಾಖಲೆಗಳಲ್ಲೇ ಒಂದು ಪರಿಹಾರ ಬರೆದಿದ್ದರು: ಓಪನ್ ವಿಂಡೋ ಕಮಾಂಡಿಗೆ ಖಾಲಿ ವಿಳಾಸ ಮತ್ತು ಅದೇ ಹೆಸರು ಕೊಡಿ, ಆಗ ಸೆಲೆನಿಯಂ ಆ ವಿಂಡೋವನ್ನು ಗಮನಿಸುತ್ತದೆ ಅಂತ. ಆ ಕಾಲದಲ್ಲಿ ಟ್ಯಾಬ್ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಫೈರ್‌ಫಾಕ್ಸ್, ಒಪೆರಾದಲ್ಲಿ ಇತ್ತು, ಸರಿ. ಆದರೆ ಆಫೀಸುಗಳಲ್ಲಿ ಜಾಸ್ತಿ ಬಳಕೆಯಲ್ಲಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಟ್ಯಾಬ್ ಬಂದಿದ್ದು 2006ರ ಅಕ್ಟೋಬರಿನಲ್ಲಿ, ಏಳನೇ ಆವೃತ್ತಿಯಲ್ಲಿ. ಇಂದಿಗೂ ಈ ಕಮಾಂಡುಗಳ ಹೆಸರಿನಲ್ಲಿ ಟ್ಯಾಬ್ ಬದಲು ವಿಂಡೋ ಅಂತ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಅದೇ ಹೊತ್ತಿಗೆ ಥಾಟ್‌ವರ್ಕ್ಸ್‌ನಲ್ಲೇ ಇದ್ದ, ಮುಂದೆ ಗೂಗಲ್‌ಗೆ ಹೋದ ಸೈಮನ್ ಸ್ಟೀವರ್ಟ್ ಬೇರೆ ದಾರಿ ಹಿಡಿದರು. ಪುಟದ ಒಳಗೆ ಕೂರುವುದು ಬೇಡ, ಬ್ರೌಸರನ್ನು ಹೊರಗಿನಿಂದ ನಡೆಸೋಣ ಅಂತ. ಅದು ವೆಬ್‌ಡ್ರೈವರ್. ಎರಡೂ ಸೇರುವ ಘೋಷಣೆ 2009ರಲ್ಲಿ ಆಯಿತು, 2011ರ ಜುಲೈನಲ್ಲಿ ಸೆಲೆನಿಯಂ 2 ಬಂತು. ಹೊರಗಿನಿಂದ ನಡೆಸುವ ಡ್ರೈವರ್‌ಗೆ ಎಲ್ಲಾ ವಿಂಡೋಗಳೂ ಕಾಣುತ್ತವೆ, ಪ್ರತಿಯೊಂದಕ್ಕೂ ಒಂದು ಗುರುತು, ಅಂದರೆ ಹ್ಯಾಂಡಲ್, ಕೊಡಬಹುದು. ಇದು ದೊಡ್ಡ ಸುಧಾರಣೆ.

ಆದರೆ ಇದೇ ವಿನ್ಯಾಸದಲ್ಲಿ ಇನ್ನೊಂದು ನಿರ್ಧಾರವೂ ಇತ್ತು. ಟ್ಯಾಬ್ ಗೊಂದಲದ ಬಹುಪಾಲು ಅಲ್ಲಿಂದಲೇ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ವೆಬ್‌ಡ್ರೈವರ್ ಸೆಷನ್‌ಗೆ, ಅಂದರೆ ಬ್ರೌಸರ್ ತೆರೆದು ಮುಚ್ಚುವವರೆಗಿನ ಒಂದು ಓಟಕ್ಕೆ, ಒಂದೇ ಒಂದು 'ಸದ್ಯದ ವಿಂಡೋ' ಇರುತ್ತದೆ. ಕ್ಲಿಕ್ ಮಾಡು, ಟೈಪ್ ಮಾಡು, ಶೀರ್ಷಿಕೆ ಓದು, ಹೀಗೆ ಪುಟಕ್ಕೆ ಸಂಬಂಧಿಸಿದ ಯಾವ ಕಮಾಂಡ್ ಕೊಟ್ಟರೂ ಅದು ಆ ಒಂದೇ ವಿಂಡೋಗೆ ಹೋಗುತ್ತದೆ. ಲಿಂಕ್ ಒತ್ತಿದಾಗ ಹೊಸ ಟ್ಯಾಬ್ ತೆರೆದು ಮುಂದೆ ಬಂದರೂ ಡ್ರೈವರ್‌ನ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ. ನಿಮಗೆ ಕಾಣುವ ಟ್ಯಾಬ್ ಬೇರೆ, ಡ್ರೈವರ್‌ನ ಸದ್ಯದ ಟ್ಯಾಬ್ ಬೇರೆ. ಟಿವಿಯಲ್ಲಿ ಒಂದು ಚಾನೆಲ್ ನೋಡುತ್ತಾ ಪಕ್ಕದ ರೂಮಿನ ಟಿವಿಯ ರಿಮೋಟ್ ಒತ್ತುತ್ತಿದ್ದ ಹಾಗೆ. ಸ್ವಿಚ್ ಟು ವಿಂಡೋ ಕಮಾಂಡ್ ಹುಟ್ಟಿದ್ದೇ ಈ ಒಂದು ಗುರುತನ್ನು ಬದಲಾಯಿಸಲು. ಅದು ಮೊದಲಿಗೆ ಡ್ರೈವರ್‌ನ ಲೆಕ್ಕವನ್ನು ಬದಲಾಯಿಸುತ್ತದೆ. ಬ್ರೌಸರ್ ಆ ಟ್ಯಾಬನ್ನು ಆರಿಸಿಕೊಂಡರೂ ಆಪರೇಟಿಂಗ್ ಸಿಸ್ಟಮ್ ಮಟ್ಟದ ಫೋಕಸ್ ಬದಲಾಯಿಸಬಾರದು ಎಂದು ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ನಿಯಮವೇ ಹೇಳುತ್ತದೆ. 'ಸ್ವಿಚ್ ಮಾಡಿದೆ, ಆದರೆ ಕಿಟಕಿ ಮುಂದೆ ಬರಲಿಲ್ಲ' ಅಂತ ದೂರುವವರಿಗೆ ಉತ್ತರ ಇದು.

ಇನ್ನೊಂದು ವಿಷಯವೂ ಕೆಲವರಿಗೆ ಗೊತ್ತಿಲ್ಲ. ಹಳೇ ಫೈರ್‌ಫಾಕ್ಸ್ ಡ್ರೈವರ್ ತನ್ನ ಪ್ರೊಫೈಲಿನಲ್ಲೇ ಒಂದು ಸೆಟ್ಟಿಂಗ್ ಹಾಕಿಕೊಂಡು ಬರುತ್ತಿತ್ತು: ಹೊಸ ಟ್ಯಾಬಿನಲ್ಲಿ ತೆರೆಯಬೇಕಾದ ಲಿಂಕುಗಳನ್ನು ಹೊಸ ವಿಂಡೋದಲ್ಲಿ ತೆರೆ ಅಂತ. ಅಂದರೆ ಬಳಕೆದಾರ ನೋಡುವುದು ಟ್ಯಾಬ್, ಟೆಸ್ಟ್ ನೋಡುವುದು ಬೇರೆಯೇ ವಿಂಡೋ. ಹಾಗಾಗಿ ಆ ಡ್ರೈವರ್‌ನಲ್ಲಿ ಓಡುವ ಟೆಸ್ಟುಗಳಿಗೆ ಲಿಂಕ್ ಒತ್ತಿದಾಗ ತೆರೆಯುವ ಟ್ಯಾಬ್ ಸಾಮಾನ್ಯವಾಗಿ ಎದುರಾಗುತ್ತಿರಲಿಲ್ಲ.

ಖಾಲಿ ಟ್ಯಾಬ್ ಬೇಕಾದವರಿಗೆ ಆಗ ಯಾವ ಕಮಾಂಡೂ ಇರಲಿಲ್ಲ. ಜನ ಕೀಬೋರ್ಡ್ ದಾರಿ ಹಿಡಿದರು. ಪುಟದ ಬಾಡಿ ಭಾಗಕ್ಕೆ ಕಂಟ್ರೋಲ್ ಮತ್ತು ಟಿ ಕೀ ಕಳಿಸುವುದು, ಮ್ಯಾಕ್ ಆದರೆ ಕಮಾಂಡ್ ಮತ್ತು ಟಿ. ಟ್ಯಾಬ್ ಬದಲಾಯಿಸಲು ಕಂಟ್ರೋಲ್ ಮತ್ತು ಟ್ಯಾಬ್ ಕೀ. ಹಳೇ ಫೈರ್‌ಫಾಕ್ಸ್‌ನಲ್ಲಿ ಇದು ನಡೆಯುತ್ತಿತ್ತು, ಹಾಗಾಗಿ ಎಲ್ಲಾ ಕಡೆ ಇದೇ ಉತ್ತರ ಹರಡಿತು. ಆದರೆ ಕ್ರೋಮ್ ಡ್ರೈವರ್ ಕಳಿಸುವ ಕೀಗಳು ಸೀದಾ ಪುಟಕ್ಕೆ ಹೋಗುತ್ತವೆ, ಬ್ರೌಸರ್‌ನ ಮೆನು, ಶಾರ್ಟ್‌ಕಟ್‌ಗಳಿಗೆ ತಲುಪುವುದೇ ಇಲ್ಲ. 2016ರಲ್ಲಿ ಫೈರ್‌ಫಾಕ್ಸ್ ಕೂಡ ಹಳೇ ಡ್ರೈವರ್ ಬಿಟ್ಟು ಗೆಕ್ಕೋ ಡ್ರೈವರ್ ಎಂಬ ಹೊಸದಕ್ಕೆ ಬಂತು, ಅದೇ ಅಕ್ಟೋಬರಿನಲ್ಲಿ ಸೆಲೆನಿಯಂ 3 ಬಂತು, ಕೀಬೋರ್ಡ್ ದಾರಿ ಅಲ್ಲಿಗೆ ಮುಚ್ಚಿತು. ಕೋಡ್ ಎರರ್ ಕೊಡುವುದಿಲ್ಲ, ಟ್ಯಾಬ್ ಮಾತ್ರ ತೆರೆಯುವುದಿಲ್ಲ. ಆಮೇಲೆ ಜನ ಜಾವಾಸ್ಕ್ರಿಪ್ಟ್ ಮೂಲಕ ವಿಂಡೋ ಡಾಟ್ ಓಪನ್ ಕರೆದು ಕೆಲಸ ಸಾಗಿಸಿದರು. ಸರಿಯಾದ ಕಮಾಂಡ್, ಟ್ಯಾಬ್ ಬೇಕೋ ವಿಂಡೋ ಬೇಕೋ ಎಂದು ಹೇಳಿ ತೆರೆಸುವ ನ್ಯೂ ವಿಂಡೋ, ಬಂದಿದ್ದು 2021ರ ಅಕ್ಟೋಬರಿನ ಸೆಲೆನಿಯಂ 4ರಲ್ಲಿ. ಟ್ಯಾಬ್ ಎಂಬ ಪದ ಸೆಲೆನಿಯಂನಲ್ಲಿ ಅಧಿಕೃತವಾಗಿ ಜಾಗ ಪಡೆಯಲು ಇಷ್ಟು ಕಾಲ ಹಿಡಿಯಿತು.

ಈ ನಡುವೆ, 2018ರ ಜೂನ್ 5ರಂದು, ವೆಬ್‌ಡ್ರೈವರ್ ಡಬ್ಲ್ಯು3ಸಿಯ ಅಧಿಕೃತ ಮಾನದಂಡವಾಯಿತು. ಅದೇ ವರ್ಷ ಸೆಲೆನಿಯಂ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು, 2014ರ ನಂತರ ಇದು ಎರಡನೇ ಸಲ. ಆ ಮಾನದಂಡದಲ್ಲಿ ಪ್ರತಿಯೊಬ್ಬ ಟೆಸ್ಟರ್ ಓದಲೇಬೇಕಾದ ಒಂದು ಮಾತಿದೆ. ಹ್ಯಾಂಡಲ್‌ಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದಕ್ಕೆ ಯಾವ ನಿಯಮವೂ ಇಲ್ಲ ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ಹೊಸ ವಿಂಡೋ ತೆರೆದಿದೆಯೇ ಎಂದು ತಿಳಿಯಲು ಕ್ಲಿಕ್ ಮಾಡುವ ಮೊದಲು ಹ್ಯಾಂಡಲ್‌ಗಳನ್ನು ತೆಗೆದಿಟ್ಟುಕೊಳ್ಳಿ, ಕ್ಲಿಕ್ ಆದ ಮೇಲೆ ಮತ್ತೆ ತೆಗೆದು ಹೋಲಿಸಿ ಎಂದು ದಾರಿಯನ್ನೂ ಅದೇ ತೋರಿಸುತ್ತದೆ. ಜಾವಾದಲ್ಲಿ ಉತ್ತರ ಸೆಟ್ ಆಗಿ, ಅಂದರೆ ಸೂಚಿ ಸಂಖ್ಯೆ ಇಲ್ಲದ ಗುಂಪಾಗಿ, ಬರುವುದರಿಂದ ಕ್ರಮದ ಮೇಲೆ ನಂಬಿಕೆ ಇಡುವ ಆಸೆ ಸ್ವಲ್ಪ ಕಡಿಮೆ. ಪೈಥಾನ್‌ನಲ್ಲಿ ಲಿಸ್ಟ್ ಬರುತ್ತದೆ. ಸುಮ್ನೆ ಒಂದನೇ ಸೂಚಿಯಲ್ಲಿರುವುದು (ಎಣಿಕೆ ಸೊನ್ನೆಯಿಂದ ಶುರು, ಅಂದರೆ ಪಟ್ಟಿಯ ಎರಡನೆಯದು) ಹೊಸ ಟ್ಯಾಬ್ ಅಂತ ಬರೆದುಬಿಡುತ್ತಾರೆ. ಎರಡೇ ಟ್ಯಾಬ್ ಇರುವಾಗ ಸಾಮಾನ್ಯವಾಗಿ ಅದು ಸರಿಯೇ ಇರುತ್ತದೆ, ಅದೇ ಅಪಾಯ. ಮೂರನೆಯದು ತೆರೆದ ದಿನ, ಅಥವಾ ಬ್ರೌಸರ್ ಬದಲಾದ ದಿನ, ಟೆಸ್ಟ್ ಬೇರೆ ಪುಟಕ್ಕೆ ಹೋಗಿ ನಿಲ್ಲುತ್ತದೆ.

ಕ್ರಮಕ್ಕಿಂತ ಜಾಸ್ತಿ ಕಾಡುವುದು ಸಮಯ. ಕ್ಲಿಕ್ ಕಮಾಂಡ್ ಮುಗಿದ ಕ್ಷಣದಲ್ಲಿ ಹೊಸ ಟ್ಯಾಬ್ ಇನ್ನೂ ಹುಟ್ಟಿರದೇ ಇರಬಹುದು. ಸ್ಕ್ರಿಪ್ಟ್ ತಕ್ಷಣ ಹ್ಯಾಂಡಲ್‌ಗಳನ್ನು ಕೇಳಿದರೆ ಒಂದೇ ಸಿಗುತ್ತದೆ. ಒಂದು ಮಷೀನಿನಲ್ಲಿ ಟ್ಯಾಬ್ ಬೇಗ ತೆರೆಯುತ್ತದೆ, ಹತ್ತು ಟೆಸ್ಟ್ ಒಟ್ಟಿಗೆ ಓಡುವ ಸರ್ವರ್‌ನಲ್ಲಿ ತಡವಾಗುತ್ತದೆ. ಅದಕ್ಕೆ ಐದು ಸೆಕೆಂಡ್ ಸ್ಲೀಪ್ ಹಾಕುವುದು, ಅಂದರೆ ಸ್ಕ್ರಿಪ್ಟನ್ನು ಸುಮ್ಮನೆ ನಿಲ್ಲಿಸಿಡುವುದು, ಪರಿಹಾರವೇ ಅಲ್ಲ. ಟ್ಯಾಬ್ ಬೇಗ ಬಂದರೆ ಸಮಯ ದಂಡ, ತಡವಾದರೆ ಟೆಸ್ಟ್ ದಂಡ. ಹ್ಯಾಂಡಲ್‌ಗಳ ಸಂಖ್ಯೆ ಹೆಚ್ಚಾಗುವವರೆಗೆ ಕಾಯುವ ವೇಟ್ ಸೆಲೆನಿಯಂನಲ್ಲೇ ಇದೆ, ಅದನ್ನು ಬಳಸಬೇಕು.

ಮುಚ್ಚುವಾಗಲೂ ಇದೇ ಕಥೆ. ಬೇರೆ ಖಾತೆಯಿಂದ ಲಾಗಿನ್ ಆಗುವ ಪಾಪ್‌ಅಪ್‌ಗಳನ್ನು ನೋಡಿರುತ್ತೀರಿ. ಪಾಸ್‌ವರ್ಡ್ ಕೊಟ್ಟು ಒಪ್ಪಿಗೆ ಒತ್ತಿದ ಕೂಡಲೇ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಡ್ರೈವರ್‌ನ ಸದ್ಯದ ವಿಂಡೋ ಮಾತ್ರ ಇನ್ನೂ ಅದೇ, ಈಗ ಇಲ್ಲದ ವಿಂಡೋ. ಮುಂದಿನ ಕಮಾಂಡ್ ಕೊಟ್ಟರೆ 'ನೋ ಸಚ್ ವಿಂಡೋ' ಎಂಬ ಎರರ್. ಮುಖ್ಯ ಪುಟ ಆರೋಗ್ಯವಾಗಿಯೇ ಇರುತ್ತದೆ, ಲಾಗಿನ್ ಕೂಡ ಆಗಿರುತ್ತದೆ, ಆದರೂ ಟೆಸ್ಟ್ ಫೇಲ್. ಉಳಿದ ಟ್ಯಾಬಿಗೆ ಡ್ರೈವರ್ ತಾನಾಗಿ ಹೋಗುವುದಿಲ್ಲ, ಹೋಗು ಅಂತ ನಾವೇ ಹೇಳಬೇಕು. ಹಾಗಾಗಿ ಪಾಪ್‌ಅಪ್‌ಗೆ ಹೋಗುವ ಮೊದಲು ಮೊದಲನೇ ಟ್ಯಾಬಿನ ಹ್ಯಾಂಡಲ್ ತೆಗೆದಿಟ್ಟುಕೊಳ್ಳಲೇಬೇಕು.

ಇದರ ನಡುವೆ ಬ್ರೌಸರ್‌ಗಳೂ ಬದಲಾಗುತ್ತಿದ್ದವು. ಕ್ರೋಮ್ 2017ರಲ್ಲಿ, 57ನೇ ಆವೃತ್ತಿಯಿಂದ, ಹಿಂದೆ ಉಳಿದ ಟ್ಯಾಬುಗಳ ಟೈಮರ್‌ಗಳನ್ನು ಇನ್ನಷ್ಟು ಬಿಗಿಯಾಗಿ ತಡೆಯಲು ಶುರುಮಾಡಿತು. ಬ್ಯಾಟರಿ ಉಳಿಸಲು ಅದು ಒಳ್ಳೆಯದೇ, ಆದರೆ ಎರಡು ಟ್ಯಾಬಿನ ನಡುವೆ ಓಡಾಡುವ ಟೆಸ್ಟಿನಲ್ಲಿ ಹಿಂದಿನ ಟ್ಯಾಬ್ ನಿಧಾನವಾದರೆ ಕಾರಣ ಹುಡುಕುವುದು ಕಷ್ಟ. ಆಮೇಲೆ ಹೊಸ ಟ್ಯಾಬಿನಲ್ಲಿ ತೆರೆಯುವ ಲಿಂಕುಗಳಿಗೆ ಅವನ್ನು ತೆರೆದ ಹಳೇ ಪುಟದ ಜೊತೆಗಿನ ಕೊಂಡಿಯನ್ನು ತಾನಾಗಿಯೇ ಕತ್ತರಿಸುವ ನಿಯಮ ಬಂತು: ಸಫಾರಿಯಲ್ಲಿ 2019, ಫೈರ್‌ಫಾಕ್ಸ್ 79ರಲ್ಲಿ 2020, ಕ್ರೋಮ್ 88ರಲ್ಲಿ 2021. ಹೊಸ ಪುಟ ಹಳೇ ಪುಟವನ್ನು ಗುಟ್ಟಾಗಿ ಬೇರೆ ವಿಳಾಸಕ್ಕೆ ಕಳಿಸಿ ಮೋಸ ಮಾಡುವುದನ್ನು ಇದು ತಡೆಯುತ್ತದೆ. ಹೊರಗಿನಿಂದ ನಡೆಸುವ ವೆಬ್‌ಡ್ರೈವರ್‌ಗೆ ಇದರಿಂದ ತೊಂದರೆ ಆಗಲಿಲ್ಲ, ಅದು ಆ ಕೊಂಡಿಯನ್ನು ನಂಬಿಯೇ ಇರಲಿಲ್ಲ.

ಪುಟದ ಒಳಗಿನ ದಾರಿಯನ್ನು ಮತ್ತೆ ಆರಿಸಿಕೊಂಡಿದ್ದು ಸೈಪ್ರೆಸ್ ಎಂಬ ಇನ್ನೊಂದು ಟೆಸ್ಟಿಂಗ್ ಟೂಲ್. ಟೆಸ್ಟ್ ಬ್ರೌಸರ್ ಒಳಗೇ ಓಡುವುದರಿಂದ ಒಂದಕ್ಕಿಂತ ಹೆಚ್ಚು ಟ್ಯಾಬ್ ನಡೆಸಲಾಗದು, ಇದು ನಮ್ಮ ವಿನ್ಯಾಸದ ಶಾಶ್ವತ ಮಿತಿ ಎಂದು ಅದನ್ನು ಕಟ್ಟಿದವರು ದಾಖಲೆಯಲ್ಲೇ ಹೇಳಿದರು. ಮುಚ್ಚಿಡದೆ ಹೇಳಿದ್ದು ನನಗೆ ಇಷ್ಟವಾಯಿತು. ಲಿಂಕನ್ನು ಹೊಸ ಟ್ಯಾಬಿನಲ್ಲಿ ತೆರೆಸುವ ಟಾರ್ಗೆಟ್ ಗುಣವನ್ನು ತೆಗೆದುಹಾಕಿ ಅದೇ ಟ್ಯಾಬಿನಲ್ಲಿ ತೆರೆಸಿ ಅನ್ನುವ ಅವರ ಸಲಹೆ ಮಾತ್ರ ಎಲ್ಲಾ ಕಡೆ ಸರಿಹೊಂದುವುದಿಲ್ಲ. ಸಹಾಯ ಪುಟಕ್ಕೆ ಹೋಗುವ ಲಿಂಕಾದರೆ ಸರಿ. ಹಣ ಕಟ್ಟುವ ಪುಟ ಹೊಸ ಟ್ಯಾಬಿನಲ್ಲಿ ತೆರೆದು, ಮುಗಿದ ಮೇಲೆ ಹಳೇ ಟ್ಯಾಬಿನಲ್ಲಿ ಆರ್ಡರ್ ಸ್ಥಿತಿ ಬದಲಾಗಬೇಕಿದ್ದರೆ ನಾವು ಟೆಸ್ಟ್ ಮಾಡಬೇಕಾದ್ದೇ ಆ ಎರಡು ಟ್ಯಾಬಿನ ಸಂಬಂಧ. ಟಾರ್ಗೆಟ್ ತೆಗೆದರೆ ಗ್ರಾಹಕ ನೋಡುವ ದಾರಿಯನ್ನು ನಾವು ನೋಡಿಯೇ ಇಲ್ಲ ಎಂದಾಗುತ್ತದೆ.

ಸದ್ಯದ ವಿಂಡೋ ಎಂಬ ಕಲ್ಪನೆಯನ್ನೇ ಬಿಟ್ಟವರು ಬೇರೆ. 2017ರಲ್ಲಿ ಕ್ರೋಮ್ ತಂಡದಿಂದ ಬ್ರೌಸರ್ ನಡೆಸುವ ಪಪೆಟಿಯರ್ ಎಂಬ ಟೂಲ್ ಬಂತು. ಅದನ್ನು ಕಟ್ಟಿದವರಲ್ಲಿ ಕೆಲವರು ಮೈಕ್ರೋಸಾಫ್ಟ್‌ಗೆ ಹೋಗಿ 2020ರ ಜನವರಿಯಲ್ಲಿ ಪ್ಲೇರೈಟ್ ಹೊರತಂದರು. ಇವುಗಳಲ್ಲಿ ಪ್ರತಿ ಟ್ಯಾಬೂ ಒಂದು ಪ್ರತ್ಯೇಕ ಪೇಜ್ ಆಬ್ಜೆಕ್ಟ್. ಪೇಜ್ ಒಂದಕ್ಕೆ ಕ್ಲಿಕ್ ಹೇಳಿ, ಮುಂದಿನ ಸಾಲಿನಲ್ಲೇ ಪೇಜ್ ಎರಡಕ್ಕೆ ಟೈಪ್ ಮಾಡು ಅನ್ನಿ, ನಡುವೆ ಸ್ವಿಚ್ ಬೇಕಿಲ್ಲ. ಹೊಸ ಟ್ಯಾಬ್ ಬಂದರೆ ಬ್ರೌಸರ್ ತಾನೇ ಒಂದು ಘಟನೆ, ಅಂದರೆ ಈವೆಂಟ್ ಸೂಚನೆ, ಕಳಿಸುತ್ತದೆ. ಪಾಪ್‌ಅಪ್ ಘಟನೆಗೆ ಮೊದಲು ಕಾಯಲು ಶುರುಮಾಡಿ, ಆಮೇಲೆ ಕ್ಲಿಕ್ ಮಾಡಬೇಕು, ಕ್ಲಿಕ್ ಮಾಡಿ ಆಮೇಲೆ ಕಾದರೆ ಘಟನೆ ಅಷ್ಟರಲ್ಲಿ ಬಂದುಹೋಗಿರಬಹುದು. ಎರಡು ಬೇರೆ ಬಳಕೆದಾರರ ಚಾಟ್ ಟೆಸ್ಟ್ ಮಾಡಬೇಕಾದರೆ ಪ್ಲೇರೈಟ್‌ನ ಬ್ರೌಸರ್ ಕಾಂಟೆಕ್ಸ್ಟ್ ಇದೆ, ಪ್ರತಿಯೊಂದಕ್ಕೂ ಬೇರೆ ಕುಕೀ, ಹಾಗಾಗಿ ಬೇರೆ ಲಾಗಿನ್. ಒಂದೇ ಸೆಲೆನಿಯಂ ಸೆಷನ್ನಿನ ಎರಡು ಟ್ಯಾಬಿನಲ್ಲಿ ಇದನ್ನು ಮಾಡಲು ಹೋದವರಿಗೆ ಎರಡೂ ಕಡೆ ಒಬ್ಬರೇ ಲಾಗಿನ್ ಆಗಿರುತ್ತಾರೆ, ಅಲ್ಲಿ ಎರಡು ಡ್ರೈವರ್ ಬೇಕು.

ಸೆಲೆನಿಯಂ ಲೋಕವೂ ಈಗ ಅದೇ ದಿಕ್ಕಿಗೆ ಹೊರಟಿದೆ. ಡಬ್ಲ್ಯು3ಸಿಯಲ್ಲಿ ತಯಾರಾಗುತ್ತಿರುವ ವೆಬ್‌ಡ್ರೈವರ್ ಬೈಡೈ (ಎರಡು ದಿಕ್ಕಿನ ವೆಬ್‌ಡ್ರೈವರ್) ತೆರೆದೇ ಇರುವ ವೆಬ್‌ಸಾಕೆಟ್ ಸಂಪರ್ಕದ ಮೇಲೆ ಎರಡೂ ಕಡೆ ಮಾತಾಡುತ್ತದೆ. ಹಳೇ ವೆಬ್‌ಡ್ರೈವರ್‌ನಲ್ಲಿ ಸ್ಕ್ರಿಪ್ಟ್ ಕೇಳಬೇಕು, ಬ್ರೌಸರ್ ಉತ್ತರಿಸಬೇಕು. ಬೈಡೈನಲ್ಲಿ ಟ್ಯಾಬ್ ಹುಟ್ಟಿದರೆ ಬ್ರೌಸರ್ ತಾನೇ ತಿಳಿಸುತ್ತದೆ, ಮುಚ್ಚಿದರೂ ತಿಳಿಸುತ್ತದೆ, ಮತ್ತು ಕಮಾಂಡ್ ಯಾವ ಟ್ಯಾಬಿಗೆ ಎಂದು ಕಮಾಂಡಿನಲ್ಲೇ ಹೇಳಬಹುದು. ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಇದನ್ನು ಬೆಂಬಲಿಸುತ್ತಿವೆ, ಪಪೆಟಿಯರ್ ಕೂಡ ಫೈರ್‌ಫಾಕ್ಸನ್ನು ಈಗ ಇದರ ಮೂಲಕವೇ ನಡೆಸುತ್ತದೆ.

ಆದರೂ ಕಂಪನಿಗಳಲ್ಲಿ ಓಡುತ್ತಿರುವ ಹಳೇ ಕೋಡ್ ಒಂದೇ ದಿನಕ್ಕೆ ಬದಲಾಗುವುದಿಲ್ಲ. ಅಂಥ ಕೋಡ್ ನಿಮ್ಮ ಕೈಗೆ ಬಂದಿದ್ದರೆ ಮೊದಲು ಸೂಚಿ ಸಂಖ್ಯೆಯಿಂದ ಹ್ಯಾಂಡಲ್ ಆರಿಸಿರುವ ಸಾಲುಗಳನ್ನು ಹುಡುಕಿ, ಆಮೇಲೆ ಸ್ವಿಚ್ ಹಿಂದೆ ಮುಂದೆ ಇರುವ ಸ್ಲೀಪ್‌ಗಳನ್ನು. ಎರಡನ್ನೂ ಒಂದೇ ಫಂಕ್ಷನ್ನಿಗೆ ತಂದುಬಿಡಿ: ಹಳೇ ಹ್ಯಾಂಡಲ್‌ಗಳನ್ನು ತೆಗೆದಿಟ್ಟುಕೊಳ್ಳುವುದು, ಕ್ಲಿಕ್ ಮಾಡುವುದು, ಹೊಸದೊಂದು ಬರುವವರೆಗೆ ಕಾಯುವುದು, ವ್ಯತ್ಯಾಸ ತೆಗೆದು ಅದಕ್ಕೇ ಹೋಗುವುದು. ಹೀಗೆ ಒಂದೇ ಕಡೆ ಇದ್ದರೆ ಮುಂದೆ ಬೈಡೈಗೆ ಹೋಗುವಾಗಲೂ ಬದಲಾಯಿಸಬೇಕಾದ ಜಾಗ ಬಹುಪಾಲು ಅದೊಂದೇ ಆಗಿರುತ್ತದೆ.