ಹಳೇ ಡೆಸ್ಕ್‌ಟಾಪ್, ಕೈಯಲ್ಲಿ ಐದು ಸಾವಿರ: ಏನು ಹಾಕಿಸಲಿ?

ಪ್ರಶ್ನೆ: ನಮ್ಮ ಮನೆಯಲ್ಲಿ 2014ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ಇಂಟೆಲ್ ಐ3, ನಾಲ್ಕನೇ ಜನರೇಷನ್. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಆಗೋದಕ್ಕೇ ಐದು ನಿಮಿಷ ಬೇಕು. ಕ್ರೋಮ್ ತೆರೆದರೆ ಎಲ್ಲಾ ನಿಂತು ಹೋಗುತ್ತದೆ. ಮಗಳ ಕಾಲೇಜು ಕೆಲಸ, ನುಡಿಯಲ್ಲಿ ಸ್ವಲ್ಪ ಟೈಪಿಂಗ್, ಯೂಟ್ಯೂಬ್, ಆನ್‌ಲೈನ್ ಅರ್ಜಿ ಹಾಕೋದು, ಇಷ್ಟೇ ನಮ್ಮ ಬಳಕೆ. ಒಬ್ಬರು ಪ್ರೊಸೆಸರ್ ಬದಲಿಸಿ ಅಂತಾರೆ, ಇನ್ನೊಬ್ಬರು ಗ್ರಾಫಿಕ್ಸ್ ಕಾರ್ಡ್ ಅಂತಾರೆ, ಅಂಗಡಿಯವರು ಹೊಸದೇ ತಗೊಳ್ಳಿ ಅಂತಾರೆ. ನನ್ನ ಹತ್ತಿರ ಇರುವುದು ಐದು ಸಾವಿರ. ಏನು ಮಾಡಲಿ?

ಉತ್ತರ: ಎಸ್‌ಎಸ್‌ಡಿ ಹಾಕಿಸಿ, ಅಂದರೆ ಹಾರ್ಡ್ ಡಿಸ್ಕಿನ ಕೆಲಸ ಮಾಡುವ, ಬರೀ ಚಿಪ್ಪುಗಳಿರುವ ಡ್ರೈವ್. ದುಡ್ಡು ಉಳಿದರೆ ರ‍್ಯಾಮ್ ಹಾಕಿಸಿ. ಅಲ್ಲಿಗೆ ನಿಲ್ಲಿಸಿ.

ಈ ಪ್ರಶ್ನೆ ಇಸವಿ, ಮಾಡೆಲ್ ಬದಲಾಗಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಹೆಚ್ಚು ಕಮ್ಮಿ ಎಲ್ಲರಿಗೂ ಇದೇ ಉತ್ತರ. ಆದರೆ ಕಾರಣ ಗೊತ್ತಿಲ್ಲದಿದ್ದರೆ ಅಂಗಡಿಗೆ ಹೋದ ಮೇಲೆ ಮನಸ್ಸು ಬದಲಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ನಿಮ್ಮ ಕಂಪ್ಯೂಟರ್ ಯಾವುದಕ್ಕೆ ಕಾಯುತ್ತಿದೆ ಅನ್ನೋದನ್ನು ನೀವೇ ನೋಡಿ. ಖರ್ಚೇನೂ ಇಲ್ಲ. ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ, ಎಂದಿನಂತೆ ಕ್ರೋಮ್ ತೆರೆದು ನೋಡುತ್ತಾ ಕೂತಿರಿ. ನಿಮ್ಮಂಥ ಮಷೀನಿನಲ್ಲಿ ಡಿಸ್ಕ್ ಗೆರೆ 100 ಶೇಕಡಾಕ್ಕೆ ಹೋಗಿ ಅಲ್ಲೇ ಅಂಟಿಕೊಳ್ಳುವ ಸಾಧ್ಯತೆಯೇ ಜಾಸ್ತಿ. ಆ ಹೊತ್ತಿಗೆ ಪ್ರೊಸೆಸರ್ ಗೆರೆ ಕೆಳಗೇ ಆಡುತ್ತಿದ್ದರೆ ಅದರ ತಪ್ಪು ಏನೂ ಇಲ್ಲ. ಅದು ಸುಮ್ನೆ ಕೆಲಸಕ್ಕೆ ಕಾಯುತ್ತಾ ಕೂತಿದೆ. ಅದನ್ನೇ ಬದಲಿಸಿದರೆ ಹೊಸದೂ ಹಾಗೇ ಕಾಯುತ್ತಾ ಕೂರುತ್ತದೆ, ಅಷ್ಟೇ.

ಹಾರ್ಡ್ ಡಿಸ್ಕ್ ಯಾಕೆ ಇಷ್ಟು ನಿಧಾನ? ಅದರೊಳಗೆ ತಿರುಗುವ ತಟ್ಟೆ ಇದೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಜಾಗ ತಲೆಯ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು, ಸುಮಾರು 4 ಮಿಲಿಸೆಕೆಂಡು. ಓದುವ ತೋಳು ಅಲ್ಲಿಗೆ ಸರಿಯುವುದಕ್ಕೆ ಇನ್ನೂ ಎಂಟೊಂಬತ್ತು. ಒಂದು ಕೋರಿಕೆಗೆ 12–13 ಮಿಲಿಸೆಕೆಂಡು ಅಂದುಕೊಂಡರೆ ಸೆಕೆಂಡಿಗೆ ಎಂಬತ್ತರ ಆಸುಪಾಸು ಕೋರಿಕೆ ಮಾತ್ರ ಮುಗಿಯುತ್ತದೆ. ವಿಂಡೋಸ್ ಆನ್ ಆಗುವಾಗ ಡಿಸ್ಕಿನ ಮೂಲೆ ಮೂಲೆಯಲ್ಲಿರುವ ಸಾವಿರಾರು ಚಿಕ್ಕ ಫೈಲುಗಳನ್ನು ಕೇಳುತ್ತದೆ. ಅದೇ ಹೊತ್ತಿಗೆ ಆಂಟಿವೈರಸ್ ಕೇಳುತ್ತದೆ, ಅಪ್‌ಡೇಟ್ ಕೇಳುತ್ತದೆ, ಕ್ರೋಮ್ ಕೇಳುತ್ತದೆ. ಒಬ್ಬರೇ ಗುಮಾಸ್ತರಿರುವ ನಾಡಕಚೇರಿ ಕೌಂಟರಿನ ಸ್ಥಿತಿ ಅದು.

ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಒಂದು ಕೋರಿಕೆಗೆ ಸುಮಾರು 0.1 ಮಿಲಿಸೆಕೆಂಡು ಸಾಕು. ಡಬ್ಬಿಯ ಮೇಲೆ ಸೆಕೆಂಡಿಗೆ 500–550 ಎಂಬಿ ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ನಮಗೆ ಬೇಕಾದ್ದು ಅದಲ್ಲ. ಚಿಕ್ಕ ಫೈಲುಗಳಿಗೆ ಕಾಯುವ ಸಮಯ ಇಷ್ಟು ಇಳಿಯುತ್ತಲ್ಲ, ಐದು ನಿಮಿಷದ ಕಾಯುವಿಕೆ ಅರ್ಧ ನಿಮಿಷದ ಒಳಗೆ ಬರುವುದು ಅದರಿಂದ.

ಇನ್ನೊಂದು ಕಾರಣ ಇದೆ, ನನಗೆ ಅದೇ ಮುಖ್ಯ. ಇವತ್ತು ಹಾಕಿಸಿದ ಎಸ್‌ಎಸ್‌ಡಿಯನ್ನು ನಾಳೆ ಈ ಮದರ್‌ಬೋರ್ಡ್ ಕೆಟ್ಟರೆ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಬಹುದು. ನಿಮ್ಮ ಬೋರ್ಡಿಗೆ ಕೂರುವ ಡಿಡಿಆರ್3 ರ‍್ಯಾಮ್ ಈಗಿನ ಬೋರ್ಡಿಗೆ ಕೂರುವುದಿಲ್ಲ. ಪ್ರೊಸೆಸರ್ ಅಂತೂ ಆ ಕಾಲದ ಸಾಕೆಟ್ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ. ಹನ್ನೊಂದು ಹನ್ನೆರಡು ವರ್ಷದ ಮಷೀನಿಗೆ ದುಡ್ಡು ಹಾಕುವಾಗ ಮುಂದಿನ ಕಂಪ್ಯೂಟರಿಗೂ ಎದ್ದು ಬರುವ ಭಾಗವನ್ನು ಹೊಸದೇ ತಗೊಳ್ಳಿ. ಅಲ್ಲೇ ಉಳಿಯುವ ಭಾಗಕ್ಕೆ ಹಾಕಲೇಬೇಕಾದರೆ ಸೆಕೆಂಡ್ ಹ್ಯಾಂಡ್ ಹುಡುಕಿ.

ಅಂಗಡಿಯಲ್ಲಿ ಕೇಳಬೇಕಾದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ಸಾಟಾ ಅಂದರೆ ಡಿಸ್ಕನ್ನು ಬೋರ್ಡಿಗೆ ಕೇಬಲ್ಲಿನಲ್ಲಿ ಜೋಡಿಸುವ ಬಗೆ). ಈ ಮಾತು ಬಿಡಿಸಿ ಹೇಳಿ. ಸುಮ್ನೆ ‘ಎಸ್‌ಎಸ್‌ಡಿ ಕೊಡಿ’ ಅಂದರೆ ಚೂಯಿಂಗ್ ಗಮ್ ಪಟ್ಟಿಯಷ್ಟು ಉದ್ದದ ಎಂ.2 ಕೈಗೆ ಬರಬಹುದು. ಹೊಸ ಮಷೀನಿಗೆ ಅದೇ ಚೆನ್ನ, ಆದರೆ ಆ ಕಾಲದ ಎಚ್81ನಂಥ ಮದರ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗವೇ ಇರುವುದಿಲ್ಲ. ಅಳತೆ 240 ಅಥವಾ 256 ಜಿಬಿ ಸಾಕು. 128 ತಗೋಬೇಡಿ, ವಿಂಡೋಸ್ ಮತ್ತು ಅದರ ಅಪ್‌ಡೇಟುಗಳೇ ಜಾಗ ತಿಂದು ಹಾಕುತ್ತವೆ. ಹೆಸರು ಕೇಳದ ಕಂಪನಿಯ ‘1 ಟಿಬಿ’ ಅಗ್ಗಕ್ಕೆ ಸಿಕ್ಕರೆ ಮುಟ್ಟಬೇಡಿ. ಮೂರು ವರ್ಷ ವಾರಂಟಿ ಇರಲಿ, ಜಿಎಸ್‌ಟಿ ಬಿಲ್ ಇರಲಿ. ಒಂದು ಸಾಟಾ ಡೇಟಾ ಕೇಬಲ್ ಕೂಡ ಕೇಳಿ ತಗೊಳ್ಳಿ. ಎಸ್‌ಎಸ್‌ಡಿ ಡಬ್ಬಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ.

ಬೆಲೆ ವಿಷಯ. 2024ರಲ್ಲಿ ಒಳ್ಳೆ ಕಂಪನಿಯ 240 ಜಿಬಿ ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿತ್ತು. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿದೆ. ಎಐ ಡೇಟಾ ಸೆಂಟರುಗಳಿಗೆ ಸಿಕ್ಕಾಪಟ್ಟೆ ಬೇಡಿಕೆ, ತಯಾರಕರು ಅತ್ತ ಕಡೆ ವಾಲಿದ್ದಾರೆ. ಹೀಗಾಗಿ ಹಳೇ ರೇಟು ತಲೆಯಲ್ಲಿಟ್ಟುಕೊಂಡು ಚೌಕಾಸಿಗೆ ಇಳಿದರೆ ನಡೆಯುವುದಿಲ್ಲ. ಅಂದಿನ ರೇಟನ್ನು ಎರಡು ಮೂರು ಕಡೆ ವಿಚಾರಿಸಿ. ಬೆಂಗಳೂರಿನಲ್ಲಾದರೆ ಎಸ್.ಪಿ. ರೋಡಿನಲ್ಲಿ ಅಕ್ಕಪಕ್ಕದ ಅಂಗಡಿಗಳಲ್ಲೇ ಬೆಲೆ ಬೇರೆ ಇರುತ್ತದೆ, ಮೊದಲ ಅಂಗಡಿಯಲ್ಲೇ ಮುಗಿಸಬೇಡಿ.

ಹಾಕುವುದು ಕಷ್ಟವಲ್ಲ. ಒಂದು ಡೇಟಾ ಕೇಬಲ್, ಎಸ್‌ಎಂಪಿಎಸ್‌ನಿಂದ (ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿಯಿಂದ) ಬರುವ ಒಂದು ಪವರ್ ಕೇಬಲ್. ಹಳೇ ಕ್ಯಾಬಿನೆಟ್ಟಿನಲ್ಲಿ 2.5 ಇಂಚಿಗೆ ಗೂಡು ಇಲ್ಲದಿದ್ದರೆ ಒಳಗೋಡೆಗೆ ಡಬಲ್ ಟೇಪ್ ಹಚ್ಚಿ ಅಂಟಿಸಿದರೂ ನಡೆಯುತ್ತದೆ. ಅಲುಗಾಡುವ ಭಾಗ ಇಲ್ಲದ್ದರಿಂದ ಏನೂ ಆಗುವುದಿಲ್ಲ. ಬೋರ್ಡಿನ ಮೇಲೆ ಸಾಟಾ ಪೋರ್ಟುಗಳು ಎರಡು ಬಗೆ, ನಿಧಾನದ್ದು ಮತ್ತು ವೇಗದ್ದು. 6ಜಿ ಅಂತ ಬರೆದಿರುವುದಕ್ಕೇ ಚುಚ್ಚಿ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ) ಸಾಟಾ ಮೋಡ್ ಐಡಿಇ ಅಂತಿದ್ದರೆ, ವಿಂಡೋಸ್ ಹಾಕುವ ಮೊದಲೇ ಎಎಚ್‌ಸಿಐ ಅಂತ ಬದಲಿಸಿ. ಹಾಕಿದ ಮೇಲೆ ಬದಲಿಸಿದರೆ ಬೂಟ್ ಆಗದೆ ನೀಲಿ ಪರದೆ ಬರಬಹುದು.

ಹಳೇ ಡಿಸ್ಕನ್ನು ಹಾಗೇ ಕ್ಲೋನ್ ಮಾಡಿಕೊಡುತ್ತೇವೆ ಅಂತ ಅಂಗಡಿಯವರು ಹೇಳುತ್ತಾರೆ. ಬೇಡ ಅನ್ನಿ. ಹತ್ತು ವರ್ಷದ ಕಸವೂ ಹೊಸ ಮನೆಗೆ ಬಂದು ಸೇರುತ್ತದೆ. ವಿಂಡೋಸೇ ಬೇಕಾದರೆ ಅದನ್ನು ಹೊಸದಾಗಿ ಹಾಕಿಸಿ (ಇನ್ನೊಂದು ದಾರಿ ಮುಂದೆ ಹೇಳುತ್ತೇನೆ). ನಿಮ್ಮ ವಿಂಡೋಸ್ 10 ಅಸಲಿಯಾಗಿ ಆಕ್ಟಿವೇಟ್ ಆಗಿದ್ದರೆ ಅದರ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಿಸಿದರೂ ಇಂಟರ್‌ನೆಟ್‌ಗೆ ಸೇರಿಸಿದಾಗ ತಾನೇ ಆಕ್ಟಿವೇಟ್ ಆಗುತ್ತದೆ. ಇದಕ್ಕೆ ಅಂತ ಯಾರಾದರೂ ಬೇರೆ ದುಡ್ಡು ಕೇಳಿದರೆ ಕೊಡಬೇಡಿ.

ಹಾಕಿಸುವಾಗ 64 ಬಿಟ್ ಅಂತ ಖಚಿತ ಮಾಡಿಕೊಳ್ಳಿ. ಆ ಕಾಲದಲ್ಲಿ ಎಷ್ಟೋ ಕಡೆ 32 ಬಿಟ್ ವಿಂಡೋಸ್ ಹಾಕಿ ಕೊಡುತ್ತಿದ್ದರು. ಅದು 4 ಜಿಬಿಯನ್ನೂ ಪೂರ್ತಿ ಬಳಸುವುದಿಲ್ಲ, ಮೂರು ಚಿಲ್ಲರೆಗೆ ನಿಲ್ಲುತ್ತದೆ. ಅದರ ಮೇಲೆ ಇನ್ನೊಂದು 4 ಜಿಬಿ ಹಾಕಿಸಿದರೆ ದುಡ್ಡು ದಂಡ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ಯಾವುದು ಅಂತ ಕಾಣಿಸುತ್ತದೆ.

ಈಗ ರ‍್ಯಾಮ್. ಒಟ್ಟು 8 ಜಿಬಿ ಇದ್ದರೆ ನೀವು ಹೇಳಿದ ಕೆಲಸಕ್ಕೆ ಸಾಕು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎರಡು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಅಂತ ಬರೆದಿರುತ್ತದೆ. ಒಂದು ಖಾಲಿ ಇದ್ದರೆ ಇನ್ನೊಂದು 4 ಜಿಬಿ ಪಟ್ಟಿ, ಡಿಡಿಆರ್3, 1600 ವೇಗದ್ದು ಹಾಕಿ. ಎರಡು ಒಂದೇ ಅಳತೆಯ ಪಟ್ಟಿ ಇದ್ದರೆ ಎರಡೂ ಜೋಡಿಯಾಗಿ ಕೆಲಸ ಮಾಡುತ್ತವೆ. ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಬಳಸುವುದರಿಂದ ವಿಡಿಯೊಗೂ ಒಳ್ಳೇದು. ಸೆಕೆಂಡ್ ಹ್ಯಾಂಡ್ ಸಾಕು, ರ‍್ಯಾಮ್ ಸವೆಯುವ ವಸ್ತು ಅಲ್ಲ. ಹಳೇ ಪಟ್ಟಿಯನ್ನು ಬಿಚ್ಚಿ ಜೊತೆಗೆ ಒಯ್ಯಿರಿ, ಪಕ್ಕದಲ್ಲಿಟ್ಟು ಕಚ್ಚು ಒಂದೇ ಕಡೆ ಇದೆಯಾ ನೋಡಿ. ಡಿಡಿಆರ್4 ಕಚ್ಚು ಬೇರೆ ಕಡೆ ಇರುತ್ತದೆ, ಲ್ಯಾಪ್‌ಟಾಪ್ ಪಟ್ಟಿ ಗಿಡ್ಡ. ಅಗ್ಗದ 8 ಜಿಬಿ ಡಿಡಿಆರ್3 ಪಟ್ಟಿಗಳಲ್ಲಿ ಕೆಲವು ಎಎಂಡಿ ಬೋರ್ಡುಗಳಿಗೆ ಮಾತ್ರ ಆಗುವಂಥವು. ಇಂಟೆಲ್ ಬೋರ್ಡಿಗೆ ಹಾಕಿದರೆ ಪರದೆಯೇ ಬರುವುದಿಲ್ಲ. ಅದಕ್ಕೇ ಆಗದಿದ್ದರೆ ವಾಪಸ್ ತಗೋತೀರಾ ಅಂತ ಮೊದಲೇ ಕೇಳಿ.

ಪ್ರೊಸೆಸರ್? ನಿಮ್ಮ ಐ3ಗೆ ಎರಡು ಕೋರ್. ಅದೇ ಸಾಕೆಟ್ಟಿಗೆ ಐ5 4570, 4590 ಕೂರುತ್ತವೆ, ನಾಲ್ಕು ಕೋರ್ ಇವೆ. ಕೆಲವು ಬೋರ್ಡುಗಳಿಗೆ 4590ರಂಥವನ್ನು ಹಾಕುವ ಮೊದಲು ಬಯಾಸ್ ಅಪ್‌ಡೇಟ್ ಬೇಕು. ಎಸ್‌ಎಸ್‌ಡಿ, ರ‍್ಯಾಮ್ ಎರಡೂ ಆದ ಮೇಲೂ ಪ್ರೊಸೆಸರ್ ಗೆರೆ 100ಕ್ಕೆ ಹೋಗಿ ನಿಲ್ಲುತ್ತಿದ್ದರೆ, ಬಹಳ ಅಗ್ಗಕ್ಕೆ ಸಿಕ್ಕರೆ ನೋಡಬಹುದು. ಅದಕ್ಕೂ ಮೊದಲು ಅದು ಯಾವಾಗ 100ಕ್ಕೆ ಹೋಗುತ್ತದೆ ನೋಡಿ. ಯೂಟ್ಯೂಬ್ ನೋಡುವಾಗ ಮಾತ್ರ ಆದರೆ ಇನ್ನೊಂದು ದಾರಿ ಇದೆ. ಯೂಟ್ಯೂಬ್ ಈಗ ವಿಡಿಯೊವನ್ನು ವಿಪಿ9, ಎವಿ1 ಅನ್ನುವ ಹೊಸ ರೂಪದಲ್ಲಿ ಕಳಿಸುತ್ತದೆ. ನಿಮ್ಮ ಚಿಪ್ಪಿಗೆ ಅದನ್ನು ಬಿಡಿಸುವ ವ್ಯವಸ್ಥೆ ಸರಿಯಾಗಿ ಇಲ್ಲ. ಎಚ್.264 ರೂಪಕ್ಕೆ ಇದೆ. ಫೈರ್‌ಫಾಕ್ಸ್ ಬ್ರೌಸರಿಗೆ ‘ಎಚ್264ಇಫೈ’ ಅನ್ನೋ ಉಚಿತ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ, ಸಿಗುತ್ತದೆ. ಅದನ್ನು ಹಾಕಿದರೆ ಯೂಟ್ಯೂಬ್ ಎಚ್.264 ಕಳಿಸುತ್ತದೆ. 1080ಪಿವರೆಗೆ ಆರಾಮಾಗಿ ನೋಡಬಹುದು.

ಗ್ರಾಫಿಕ್ಸ್ ಕಾರ್ಡ್ ಬೇಡ. ಆಟ ಆಡುವುದಿಲ್ಲ ಅಲ್ವಾ? ಮುಗಿಯಿತು.

ಒಂದೆರಡು ಚಿಲ್ಲರೆ ಕೆಲಸಗಳೂ ಇವೆ, ಕ್ಯಾಬಿನೆಟ್ ಹೇಗೂ ತೆರೆದಿರುತ್ತದೆ. ಆನ್ ಮಾಡಿದಾಗ ತಾರೀಖು ಹಿಂದಕ್ಕೆ ಹೋಗಿ, ಬ್ರೌಸರ್ ಯಾವ ಸೈಟನ್ನೂ ತೆರೆಯದೆ ಭದ್ರತೆಯ ತಕರಾರು ತೆಗೆಯುತ್ತಿದೆಯಾ? ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿದೆ. ಕೈಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಫ್ಯಾನಿನ ಕೆಳಗೆ ಧೂಳು ಮೆತ್ತಿಕೊಂಡಿದ್ದರೆ ತೆಗೆದು, ಪ್ರೊಸೆಸರಿಗೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿಸಿ. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಇನ್ನು ವಿಂಡೋಸ್ ತಲೆನೋವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆ ತಂದರು. ಅದು 22ಎಚ್2 ಆವೃತ್ತಿ ಇದ್ದವರಿಗೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಮತ್ತು ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್ನಿನಿಂದ ಮೇಲಿನದು. ನಿಮ್ಮದು ನಾಲ್ಕನೆಯದು. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ, ಓಡುತ್ತದೆ ಕೂಡ. ಆದರೆ ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಗ್ಯಾರಂಟಿ ಮೈಕ್ರೋಸಾಫ್ಟ್ ಕೊಡುವುದಿಲ್ಲ. ಬ್ಯಾಂಕ್ ಕೆಲಸ ಮಾಡುವ ಮಷೀನಿಗೆ ನಾನು ಹಾಗೆ ಮಾಡಲಾರೆ.

ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕುವುದು ನನ್ನ ಆಯ್ಕೆ. ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಳೇ ಮಷೀನಿಗೆ ಹಗುರ. 22ರ ಸರಣಿಗೆ 2029ರವರೆಗೆ ಬೆಂಬಲ ಇದೆ. ಪೆನ್‌ಡ್ರೈವಿಗೆ ಹಾಕಿ, ಏನನ್ನೂ ಅಳಿಸದೆ ಅದರಿಂದಲೇ ಬೂಟ್ ಮಾಡಿ ನೋಡಬಹುದು. ನುಡಿ ತಂತ್ರಾಂಶ ವಿಂಡೋಸಿಗೆ ಮಾಡಿದ್ದು. ಆದರೆ ನುಡಿಯಲ್ಲಿ ಬೆರಳು ಪಳಗಿದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇದೆ. ಯೂನಿಕೋಡಿನಲ್ಲಿ ಟೈಪ್ ಮಾಡುವವರಿಗೆ ತೊಂದರೆ ಇಲ್ಲ. ಹಳೇ ನುಡಿ ಫಾಂಟುಗಳಲ್ಲಿ ಮಾಡಿದ ಕಡತಗಳು ರಾಶಿ ಇದ್ದರೆ, ಅಥವಾ ಬೆರಳಿನ ಗುರುತು ಓದುವ ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರೆ ಆತುರ ಬೇಡ. ಅವುಗಳಿಗೆ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲು ನೋಡಿ.

ಹಳೇ ಹಾರ್ಡ್ ಡಿಸ್ಕನ್ನು ಎಸೆಯಬೇಡಿ. ಫೋಟೊ, ಹಾಡು ಇಡುವುದಕ್ಕೆ ಎರಡನೇ ಡ್ರೈವ್ ಆಗಿ ಅದೇ ಕ್ಯಾಬಿನೆಟ್ಟಿನಲ್ಲಿ ಇರಲಿ. ಅದರ ಆರೋಗ್ಯವನ್ನು ವಿಂಡೋಸಿನಲ್ಲಿ ಓಡುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ತಂತ್ರಾಂಶದಲ್ಲಿ ನೋಡಿ. ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸಿದರೆ ಮುಖ್ಯವಾದದ್ದನ್ನು ಅವತ್ತೇ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಇಷ್ಟೆಲ್ಲ ಹೇಳಿದ್ದು ಬೋರ್ಡ್ ಚೆನ್ನಾಗಿದ್ದರೆ ಮಾತ್ರ. ಕ್ಯಾಬಿನೆಟ್ ತೆರೆದಾಗ ಬೋರ್ಡಿನ ಮೇಲಿನ ಪುಟ್ಟ ಉರುಳೆಗಳ, ಅಂದರೆ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅಥವಾ ಕಂದು ಅಂಟು ಒಸರಿದ್ದರೆ ಎಸ್‌ಎಸ್‌ಡಿ ಬಿಟ್ಟು ಬೇರೇನನ್ನೂ ಕೊಳ್ಳಬೇಡಿ. ಆಗ ಐದು ಸಾವಿರಕ್ಕೆ ಇನ್ನಷ್ಟು ಸೇರಿಸಿ, ಕಂಪನಿಗಳಿಂದ ಹೊರಬಂದ ರಿಫರ್ಬಿಶ್ಡ್ ಡೆಸ್ಕ್‌ಟಾಪ್ ನೋಡುವುದು ಮೇಲು. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೋಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಬೇಕಾದಷ್ಟು ಸಿಗುತ್ತವೆ. ಅಂಗಡಿಯವರು ‘ಐ5 ಇದೆ’ ಅಂತ ಮಾತ್ರ ಹೇಳುತ್ತಾರೆ. ಮಾಡೆಲ್ ನಂಬರ್ ಕೇಳಿ. 8ರಿಂದ ಶುರುವಾದರೆ, ಉದಾಹರಣೆಗೆ 8500 ಇದ್ದರೆ, ವಿಂಡೋಸ್ 11 ಅಧಿಕೃತವಾಗಿಯೇ ಹಾಕಬಹುದು. 6 ಅಥವಾ 7ರಿಂದ ಶುರುವಾದರೆ ಬೆಲೆ ಕಮ್ಮಿ, ಆದರೆ ವಿಂಡೋಸಿನ ಇದೇ ತಕರಾರು ಅಲ್ಲೂ ಇದೆ. ಇಂಥ ಬ್ರಾಂಡೆಡ್ ಮಷೀನುಗಳಲ್ಲಿ ಎಸ್‌ಎಂಪಿಎಸ್ ಹೆಚ್ಚಾಗಿ ಅವರದೇ ಅಳತೆಯದು, ಕೆಟ್ಟರೆ ಮಾರ್ಕೆಟ್ಟಿನ ಸಾಮಾನ್ಯ ಎಸ್‌ಎಂಪಿಎಸ್ ಕೂರುವುದಿಲ್ಲ. ಅದಕ್ಕೂ ವಾರಂಟಿ ಇದೆಯಾ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.