ಲೈನ್ ಕೋಚ್ ಯಾಕೆ ಪದೇ ಪದೇ ಊರು ಬದಲಿಸುತ್ತಾರೆ?

ಪ್ರಶ್ನೆ: ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಅವನ ದೆಸೆಯಿಂದ ನಾನೂ ಅಲ್ಲಿನ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅವರ ಆಟ) ನೋಡಲು ಶುರುಮಾಡಿದ್ದೇನೆ. ತಂಡದಲ್ಲಿ 'ಆಫೆನ್ಸಿವ್ ಲೈನ್ ಕೋಚ್' ಅಂತ ಒಬ್ಬರಿರುತ್ತಾರೆ. ಅವರ ಪರಿಚಯ ಓದಿದರೆ ಹತ್ತು ಹನ್ನೆರಡು ಕಾಲೇಜಿನ ಹೆಸರು ಸಾಲಾಗಿ ಬರುತ್ತದೆ. ಎಷ್ಟೋ ಕಡೆ ನೆಟ್ಟಗೆ ಎರಡು ವರ್ಷವೂ ಇಲ್ಲ. ಇವರಿಗೆ ಕೆಲಸ ಬರಲ್ವಾ, ಇಲ್ಲ ಆ ಕೆಲಸವೇ ಹಾಗಾ?

ಉತ್ತರ: ಕೆಲಸವೇ ಹಾಗೆ. ನಮ್ಮಲ್ಲಿ ಮಂತ್ರಿ ಬದಲಾದರೆ ಅವರ ಆಪ್ತ ಕಾರ್ಯದರ್ಶಿಯೂ ಗಂಟುಮೂಟೆ ಕಟ್ಟುತ್ತಾರೆ ಅಲ್ವಾ? ಹೆಚ್ಚುಕಮ್ಮಿ ಅದೇ ಲೆಕ್ಕ. ಲೈನ್ ಕೋಚ್‌ನನ್ನು ಕರೆತರುವವರು ಹೆಡ್ ಕೋಚ್. ಅವರು ಮನೆಗೆ ಹೋದರೆ ಇವರೂ ಹೊರಡಬೇಕು, ಕೆಲಸ ಎಷ್ಟೇ ಚೆನ್ನಾಗಿ ಮಾಡಿರಲಿ.

ಆದರೆ ಹೊಸ ಹೆಡ್ ಕೋಚ್ ಬಂದಾಗ ಹಳೇ ಲೈನ್ ಕೋಚ್‌ನನ್ನು ಸುಮ್ನೆ ಉಳಿಸಿಕೊಳ್ಳಬಹುದಲ್ಲ? ಅದು ಗೊತ್ತಾಗಬೇಕಾದರೆ ಈ ಕೆಲಸದೊಳಗೆ ಸ್ವಲ್ಪ ಇಣುಕಬೇಕು.

ಚೆಂಡು ನಮ್ಮ ತಂಡದ ಕೈಯಲ್ಲಿದ್ದಾಗ ಮುಂದೆ ಸಾಲಾಗಿ ಐದು ಜನ ಬಗ್ಗಿ ನಿಂತಿರುತ್ತಾರೆ. ಇದೇ ಆಫೆನ್ಸಿವ್ ಲೈನ್. ನಡುವೆ ಸೆಂಟರ್, ಅವರ ಅಕ್ಕಪಕ್ಕ ಇಬ್ಬರು ಗಾರ್ಡ್, ತುದಿಗಳಲ್ಲಿ ಇಬ್ಬರು ಟ್ಯಾಕಲ್. ಒಬ್ಬೊಬ್ಬರೂ 135, 140 ಕಿಲೋ ತೂಗುವ ಹುಡುಗರು. ಚೆಂಡು ಮುಂದಕ್ಕೆ ಎಸೆದಾಗ ಹಿಡಿಯುವ ಹಕ್ಕು ಇವರಿಗಿಲ್ಲ. ಎದುರಾಳಿಗಳನ್ನು ತಡೆಯಬೇಕು, ದಾರಿ ಮಾಡಿಕೊಡಬೇಕು, ಅಷ್ಟೇ. ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಎರಡೂವರೆ ಮೂರು ಸೆಕೆಂಡು ಬಿಡುವು ಸಿಕ್ಕರೆ ಇವರ ಕೆಲಸ ಗೆದ್ದ ಹಾಗೆ. ಯಾರಾದರೂ ಎದುರಾಳಿಯ ಅಂಗಿ ಹಿಡಿದೆಳೆದರೆ ಮಾತ್ರ ರೆಫರಿ ಅವರ ನಂಬರನ್ನು ಮೈಕಿನಲ್ಲಿ ಇಡೀ ಸ್ಟೇಡಿಯಂಗೆ ಕೂಗಿ ಹೇಳುತ್ತಾರೆ. ತಂಡ 10 ಗಜ ಹಿಂದಕ್ಕೆ ಹೋಗುತ್ತದೆ.

ಕಬಡ್ಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೈಕೈ ಹಿಡಿದ ಸರಪಳಿಯಲ್ಲಿ ಒಬ್ಬ ಅರ್ಧ ಹೆಜ್ಜೆ ತಡಮಾಡಿದರೂ ರೇಡರ್ ಅಲ್ಲಿಂದಲೇ ನುಸುಳಿಬಿಡುತ್ತಾನೆ. ಇಲ್ಲಿ ಕೈ ಹಿಡಿದಿರುವುದಿಲ್ಲ, ಹಾಗಾಗಿ ಇನ್ನೂ ಕಷ್ಟ. ಐದೂ ಜನ ಒಂದೇ ಕ್ಷಣದಲ್ಲಿ ಒಂದೇ ಮಾತು ಯೋಚಿಸಬೇಕು.

ಅದಕ್ಕೇ ಪ್ರಾಕ್ಟೀಸಿನಲ್ಲಿ ಮೊದಲ ಹೆಜ್ಜೆಯ ಮೇಲೆ ಅಷ್ಟು ಜೀವ ತೇಯುತ್ತಾರೆ. ಆ ಹೆಜ್ಜೆ ಆರು ಇಂಚು ಇರಬೇಕು ಅಂತ ಹೇಳಿಕೊಡುವ ಕೋಚ್‌ಗಳು ತುಂಬಾ ಜನ. ಗಾರ್ಡ್ ಒಂದು ಅಡಿ ಉದ್ದದ ಹೆಜ್ಜೆ ಹಾಕಿಬಿಟ್ಟ ಅಂದುಕೊಳ್ಳಿ. ಕಾಲು ಇನ್ನೂ ಗಾಳಿಯಲ್ಲಿರುವಾಗಲೇ ಎದುರಾಳಿಯ ಎರಡೂ ಕೈ ಎದೆಗೆ ಬಿದ್ದಿರುತ್ತವೆ, ಅವನ ಆಯ ತಪ್ಪಿತು. ಮೈ ಬಗ್ಗಿಸಿಯೇ ಓಡುವುದನ್ನು ಕಲಿಸಲು ಕಬ್ಬಿಣದ ಚೌಕಟ್ಟಿನ ಗಿಡ್ಡ ಚಪ್ಪರವೊಂದಿರುತ್ತದೆ. ಅದರ ಕೆಳಗಿಂದ ನುಗ್ಗಬೇಕು. ನೆಟ್ಟಗೆ ಎದ್ದರೆ ಹೆಲ್ಮೆಟ್ ಠಣ್ ಅನ್ನುತ್ತದೆ. ಕೋಚ್ ಬೈಯುವ ಅಗತ್ಯವೇ ಇಲ್ಲ.

ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು. ಎದುರಾಳಿಯ ಊರಿನಲ್ಲಿ ಆಟ, ಲಕ್ಷ ಜನ ಒಟ್ಟಿಗೆ ಕಿರುಚುತ್ತಿದ್ದಾರೆ, ಕ್ವಾರ್ಟರ್‌ಬ್ಯಾಕ್ ಕೂಗಿದ್ದು ಯಾರಿಗೂ ಕೇಳಿಸುವುದಿಲ್ಲ. ಆಗ ಗಾರ್ಡ್ ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಸನ್ನೆ ಮಾಡಿದ ಕೂಡಲೇ ಪಕ್ಕದ ಸೆಂಟರ್‌ಗೆ ಮೆಲ್ಲಗೆ ತಟ್ಟುತ್ತಾನೆ. ಸೆಂಟರ್ ಒಮ್ಮೆ ತಲೆಯಾಡಿಸಿ ಚೆಂಡು ಹಿಂದಕ್ಕೆ ಕೊಡುತ್ತಾನೆ. ಆ ತಟ್ಟುವುದರಿಂದ ಹಿಡಿದು ಎಲ್ಲಾ ಲೈನ್ ಕೋಚ್ ಕೂರಿಸಿದ ಪಾಠ. ಟಿವಿ ಕ್ಯಾಮೆರಾ ಮಾತ್ರ ಚೆಂಡಿನ ಹಿಂದೆ ಹೋಗಿರುತ್ತದೆ.

ಈ ಐವರ ನಡುವೆ ಓಡಾಡುವ ಗುಟ್ಟಿನ ಮಾತುಗಳಿರುತ್ತವೆ. ಯಾರು ಯಾರನ್ನು ತಡೆಯಬೇಕು, ಇಬ್ಬರು ಸೇರಿ ಒಬ್ಬನನ್ನು ತಳ್ಳಿ ಆಮೇಲೆ ಯಾರು ಬಿಟ್ಟು ಮುಂದೆ ಹೋಗಬೇಕು, ಎಲ್ಲಕ್ಕೂ ಒಂದೊಂದು ಪದ. ಈ ಭಾಷೆ ಒಬ್ಬೊಬ್ಬ ಕೋಚ್‌ದು ಒಂದೊಂದು ಥರ. ಹೊಸ ಹೆಡ್ ಕೋಚ್ ತನ್ನದೇ ಆಟದ ಪದ್ಧತಿ ಹೊತ್ತುಕೊಂಡು ಬರುತ್ತಾರೆ. ಅದನ್ನು ಮೊದಲೇ ಬಲ್ಲ, ಹತ್ತು ವರ್ಷದಿಂದ ಗೊತ್ತಿರುವ ಲೈನ್ ಕೋಚ್ ಬೇಕು ಅನ್ನುತ್ತಾರೆ. ಹಳಬರ ಮೇಲೆ ದ್ವೇಷವೇನಿಲ್ಲ, ಭಾಷೆ ಬೇರೆ. ಅಲ್ಲಿಗೆ ಹಳಬರ ಮನೆಯ ಮುಂದೆ ಸಾಮಾನಿನ ಲಾರಿ ಬಂತು.

ಲೈನ್ ಕೋಚ್ ಸ್ಯಾಮ್ ಪಿಟ್‌ಮನ್ ಅವರ ಬದುಕು ನೋಡಿ. ಒಕ್ಲಹೋಮ ರಾಜ್ಯದವರು. ಕ್ಯಾನ್ಸಸ್‌ನ ಪಿಟ್ಸ್‌ಬರ್ಗ್ ಸ್ಟೇಟ್ ಎಂಬ ಸಣ್ಣ ಕಾಲೇಜಿಗೆ ಆಡಿದರು, ಅದೂ ಡಿಫೆನ್ಸ್ ಕಡೆ, ಅಂದರೆ ಚೆಂಡು ಎದುರಾಳಿಯ ಕೈಯಲ್ಲಿದ್ದಾಗ ತಡೆಯುವವರ ಗುಂಪಿನಲ್ಲಿ. ಹೈಸ್ಕೂಲುಗಳಲ್ಲಿ ಕಲಿಸಿ, ಎರಡು ವರ್ಷದ ಕೋರ್ಸಿನ ಕಮ್ಯುನಿಟಿ ಕಾಲೇಜೊಂದರಲ್ಲಿ ದುಡಿದು, 1994ರಲ್ಲಿ ನಾರ್ದರ್ನ್ ಇಲಿನಾಯ್ ಸೇರಿದರು. 1996ರಲ್ಲಿ ಸಿನ್ಸಿನಾಟಿ. 1997ರಲ್ಲಿ ತವರು ರಾಜ್ಯದ ಒಕ್ಲಹೋಮ ವಿಶ್ವವಿದ್ಯಾಲಯ. ಇನ್ನು ನೆಲೆ ನಿಂತರು ಅನ್ನುವಷ್ಟರಲ್ಲಿ, 1998ರಲ್ಲಿ ಅಲ್ಲಿನ ಹೆಡ್ ಕೋಚ್ ಜಾನ್ ಬ್ಲೇಕ್ ಅವರನ್ನು ತೆಗೆದರು. 1999ರಲ್ಲಿ ವೆಸ್ಟರ್ನ್ ಮಿಷಿಗನ್. 2000ದಲ್ಲಿ ಮಿಸೌರಿ, ಆ ವರ್ಷವೇ ಹೆಡ್ ಕೋಚ್ ಲ್ಯಾರಿ ಸ್ಮಿತ್ ಕೆಲಸ ಹೋಯಿತು. 2001ರಲ್ಲಿ ಕ್ಯಾನ್ಸಸ್, ಸೀಸನ್ ಮುಗಿಯುವ ಮೊದಲೇ ಟೆರಿ ಅಲೆನ್ ಹೋದರು. 2003ರಿಂದ ಮತ್ತೆ ನಾರ್ದರ್ನ್ ಇಲಿನಾಯ್. 2007ರಲ್ಲಿ ನಾರ್ತ್ ಕ್ಯಾರೊಲೈನಾ, ಅಲ್ಲಿ 2011ರ ಜುಲೈನಲ್ಲಿ ಬುಚ್ ಡೇವಿಸ್ ಅವರನ್ನು ತೆಗೆದರು. 2012ರಲ್ಲಿ ಟೆನೆಸ್ಸಿ, ನವೆಂಬರ್‌ನಲ್ಲಿ ಡೆರೆಕ್ ಡೂಲಿ ಹೋದರು.

ಲೆಕ್ಕ ಹಾಕಿ. ಮೇಲಿನವರ ಕೆಲಸ ಹೋದದ್ದು ಐದು ಸಲ. ಪರಿಚಯದ ಪುಟದಲ್ಲಿ ಆ ಐದು ಹೆಸರು ಇರುವುದಿಲ್ಲ. ಊರುಗಳ ಹೆಸರಷ್ಟೇ ಇರುತ್ತದೆ. ಅದಕ್ಕೇ ಓದಿದವರಿಗೆ ಇವರಿಗೇ ಏನೋ ತೊಂದರೆ ಅನ್ನಿಸುತ್ತದೆ.

ಹಾಗಂತ ಯಾವಾಗಲೂ ತಳ್ಳಿಸಿಕೊಂಡೇ ಹೋಗುತ್ತಾರೆ ಅಂತಲ್ಲ. 2013ರಲ್ಲಿ ಅರ್ಕನ್ಸಾ ಸೇರಿದ ಪಿಟ್‌ಮನ್, 2015ರ ಸೀಸನ್ ಆದಮೇಲೆ ತಾವಾಗಿಯೇ ಜಾರ್ಜಿಯಾಕ್ಕೆ ಹೋದರು. ದೊಡ್ಡ ತಂಡ, ದೊಡ್ಡ ಸಂಬಳ. ಮುಂದಿನ ನಾಲ್ಕು ಸೀಸನ್ ಅವರ ಕೈಕೆಳಗಿನ ಲೈನ್ ದೇಶದಲ್ಲೇ ಒಳ್ಳೆಯ ಲೈನ್‌ಗಳಲ್ಲಿ ಒಂದಾಗಿ ಬೆಳೆಯಿತು. ಅಲ್ಲಿ ಅವರು ತಯಾರು ಮಾಡಿದ ಆಂಡ್ರ್ಯೂ ಥಾಮಸ್ 2020ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ವೃತ್ತಿಪರ ಲೀಗಿನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು) ನಾಲ್ಕನೆಯವರಾಗಿ ಆಯ್ಕೆಯಾದರು. ಆ ಹೊತ್ತಿಗೆ ಪಿಟ್‌ಮನ್ ಜಾರ್ಜಿಯಾದಲ್ಲಿ ಇರಲಿಲ್ಲ! ಇದೂ ಈ ಕಸುಬಿನ ಒಂದು ಪಾಡು. ಲೈನ್ ಆಟಗಾರ ಪಳಗಲು ಸಾಮಾನ್ಯವಾಗಿ ಎರಡು ಮೂರು ವರ್ಷ ಬೇಕು. ನೆಟ್ಟವರು ಒಬ್ಬರು, ಕೊಯ್ಯುವ ಹೊತ್ತಿಗೆ ತೋಟದಲ್ಲಿ ಇನ್ನೊಬ್ಬರು.

ಒಂದೇ ಕಡೆ ಉಳಿದವರು ಇಲ್ವಾ ಅಂದರೆ, ಇದ್ದಾರೆ. ನೆಬ್ರಾಸ್ಕಾದ ಮಿಲ್ಟ್ ಟೆನೊಪಿರ್ 1974ರಿಂದ 2002ರವರೆಗೆ ಒಂದೇ ವಿಶ್ವವಿದ್ಯಾಲಯದಲ್ಲಿದ್ದರು. ಆ ನಡುವೆ ತಂಡ 1994, 1995, 1997ರಲ್ಲಿ ರಾಷ್ಟ್ರ ಚಾಂಪಿಯನ್ ಆಯಿತು. ಟೆನೊಪಿರ್ ದೊಡ್ಡ ಗುರು, ಅನುಮಾನವೇ ಇಲ್ಲ. ಆದರೆ ಅವರ ಹೆಡ್ ಕೋಚ್ ಟಾಮ್ ಆಸ್ಬಾರ್ನ್ 1973ರಿಂದ 1997ರವರೆಗೆ ಕುರ್ಚಿ ಬಿಟ್ಟು ಕದಲಲಿಲ್ಲ. ಆಮೇಲೆ ಬಂದ ಫ್ರಾಂಕ್ ಸೋಲಿಚ್ ಕೂಡ ಅದೇ ಮನೆಯವರು. ಭಾಷೆ ಬದಲಾಗಲೇ ಇಲ್ಲ. ಸೋಲಿಚ್ ಅವರನ್ನು 2003ರಲ್ಲಿ ತೆಗೆದಾಗ ಟೆನೊಪಿರ್ ಆಗಲೇ ನಿವೃತ್ತಿಯಾಗಿದ್ದರು.

ಹೆಸರಿದ್ದರೆ ಉಳಿಸಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ. ಜೋ ಮೂರ್ ಅಂತ ಒಬ್ಬರಿದ್ದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ, ಆಮೇಲೆ 1988ರಿಂದ ನೋಟರ್ ಡೇಮ್‌ನಲ್ಲಿ ಲೈನ್ ಕೋಚ್. ಈ ವಿದ್ಯೆಯಲ್ಲಿ ಅವರಿಗಿಂತ ಮೇಲಿನವರು ಅಂತ ಹೇಳುವುದು ಕಷ್ಟ. 1996ರ ಕೊನೆಗೆ ಅಲ್ಲಿ ಹೆಡ್ ಕೋಚ್ ಬದಲಾದರು, ಹೊಸಬರು ಮೂರ್ ಅವರನ್ನು ಕೈಬಿಟ್ಟರು. ಮೂರ್ ಸುಮ್ಮನಿರಲಿಲ್ಲ. ವಯಸ್ಸಿನ ಕಾರಣಕ್ಕೆ ತೆಗೆದಿದ್ದಾರೆ ಅಂತ ಕೋರ್ಟಿಗೆ ಹೋದರು. 1998ರಲ್ಲಿ ತೀರ್ಪು ಅವರ ಪರ ಬಂತು. 2003ರಲ್ಲಿ ತೀರಿಕೊಂಡರು. ಈಗ ಪ್ರತಿ ವರ್ಷ ದೇಶದ ಅತ್ಯುತ್ತಮ ಲೈನ್‌ಗೆ ಕೊಡುವ ಪ್ರಶಸ್ತಿ ಅವರ ಹೆಸರಲ್ಲೇ ಇದೆ, 2015ರಿಂದ. ಒಬ್ಬ ಆಟಗಾರನಿಗೆ ಕೊಡುವುದಿಲ್ಲ, ಇಡೀ ಲೈನ್‌ಗೇ ಕೊಡುತ್ತಾರೆ. ಅವರಿಗೆ ಇದಕ್ಕಿಂತ ಒಪ್ಪುವ ಮರ್ಯಾದೆ ಇನ್ನೊಂದಿಲ್ಲ ಅನ್ನಿಸುತ್ತದೆ.

2016ರಲ್ಲಿ ಅದು ಅಯೋವಾ ತಂಡಕ್ಕೆ ಹೋಯಿತು. ಅಯೋವಾದ ಹೆಡ್ ಕೋಚ್ ಕರ್ಕ್ ಫೆರೆಂಟ್ಸ್, ಹೈಸ್ಕೂಲಿನಲ್ಲಿ ಇದೇ ಮೂರ್ ಅವರ ಕೈಯಲ್ಲಿ ಆಡಿದ ಹುಡುಗ. ಈ ದಾರಿಗೆ ಬರುವುದು ಹೇಗೆ ಅಂತ ತಿಳಿಯಲು ಅವರ ಶುರುವಾತು ನೋಡಬೇಕು. 1980ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮೂರ್ ಬಳಿ ಗ್ರಾಜುಯೇಟ್ ಅಸಿಸ್ಟೆಂಟ್ ಆದರು. ಓದಿನ ಹೆಸರಲ್ಲಿ ಸೇರಿ, ಪುಡಿಗಾಸಿಗೆ ಹಗಲೂ ರಾತ್ರಿ ಆಟದ ರೀಲು ನೋಡಿ ನೋಡಿ ಬರೆಯುವ ಕೆಲಸ. 1981ರಲ್ಲಿ ಅಯೋವಾದ ಲೈನ್ ಕೋಚ್ ಆದಾಗ ಅವರಿಗೆ 26 ತುಂಬುವ ವಯಸ್ಸು. ಆಮೇಲೆ ಮೇನ್ ವಿಶ್ವವಿದ್ಯಾಲಯದಲ್ಲಿ ಹೆಡ್ ಕೋಚ್, ಎನ್‌ಎಫ್‌ಎಲ್‌ನಲ್ಲಿ ಆರು ವರ್ಷ ಲೈನ್ ಕೋಚ್. 1999ರಿಂದ ಅಯೋವಾಕ್ಕೇ ಹೆಡ್ ಕೋಚ್. ಮೊದಲ ವರ್ಷ ಗೆದ್ದದ್ದು ಒಂದೇ ಆಟ, ಸೋತದ್ದು ಹತ್ತು. ಆದರೂ ತಾಳ್ಮೆಯಿಂದ ಇಟ್ಟುಕೊಂಡರು. 2002ರಲ್ಲಿ 11 ಗೆದ್ದರು. ಈಗಿನ ದಿನಗಳಲ್ಲಾದರೆ ಅಷ್ಟು ಕಾಯುತ್ತಿದ್ದರು ಅಂತ ನನಗೇನೂ ನಂಬಿಕೆಯಿಲ್ಲ.

ಕಾಲೇಜು ಯಾವುದಾದರೂ ಇರಲಿ, ಲೈನ್ ಕೋಚ್ ಜೊತೆಗೆ ಒಯ್ಯುವುದು ಕಣ್ಣು. ರಾಬರ್ಟ್ ಗ್ಯಾಲರಿ ಅಯೋವಾಕ್ಕೆ ಬಂದಾಗ ಟೈಟ್ ಎಂಡ್, ಅಂದರೆ ಚೆಂಡು ಹಿಡಿಯುವ ಜಾಗದವರು. ಅವರನ್ನು ಟ್ಯಾಕಲ್ ಮಾಡಿದರು, 2004ರ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಹೋದರು. ಹೈಸ್ಕೂಲು ಹುಡುಗನನ್ನು ಆರಿಸುವಾಗ ಅವನ ಬ್ಯಾಸ್ಕೆಟ್‌ಬಾಲ್, ಕುಸ್ತಿ ನೋಡಲು ಹೋಗುವ ಲೈನ್ ಕೋಚ್‌ಗಳು ಬೇಕಾದಷ್ಟು. ತೂಕ ಆಮೇಲೆ ಏರಿಸಬಹುದು. ಕಾಲು ಹಗುರವಾಗಿದೆಯಾ ಅನ್ನುವುದು ಮುಖ್ಯ.

ಮತ್ತೆ ಪಿಟ್‌ಮನ್ ವಿಷಯಕ್ಕೆ ಬರುತ್ತೇನೆ. 2019ರ ಡಿಸೆಂಬರ್‌ನಲ್ಲಿ ಅರ್ಕನ್ಸಾ ಅವರನ್ನು ವಾಪಸ್ ಕರೆಯಿತು, ಈ ಸಲ ಹೆಡ್ ಕೋಚ್ ಆಗಿ. ದೊಡ್ಡ ತಂಡಗಳಲ್ಲಿ ಲೈನ್ ಕೋಚ್ ನೇರವಾಗಿ ಆ ಕುರ್ಚಿಗೆ ಏರುವುದು ಅಪರೂಪ. ಅದಕ್ಕೆ ಹಿಂದಿನ ಎರಡು ಸೀಸನ್ನಿನಲ್ಲೂ ತಂಡ ಗೆದ್ದದ್ದು ಎರಡೆರಡೇ ಆಟ. 2021ರಲ್ಲಿ 9 ಗೆಲುವು ತಂದುಕೊಟ್ಟರು. ಆಮೇಲೆ ಏರಿಳಿತ. 2025ರ ಸೆಪ್ಟೆಂಬರ್ 27ರಂದು ಸ್ವಂತ ಊರಿನ ಮೈದಾನದಲ್ಲೇ ನೋಟರ್ ಡೇಮ್ ವಿರುದ್ಧ 56-13ರಿಂದ ಸೋತರು. ಮರುದಿನ ಅವರನ್ನು ತೆಗೆದರು. ಅದರ ಮರುದಿನ, ತಾತ್ಕಾಲಿಕವಾಗಿ ಕುರ್ಚಿ ಹಿಡಿದವರು ಡಿಫೆನ್ಸ್ ಕಡೆಯ ಮೂವರು ಕೋಚ್‌ಗಳನ್ನೂ ಮನೆಗೆ ಕಳಿಸಿದರು.